ಗಾಂಜಾ ಗಿಡಕ್ಕೆ ಹಾರ್ದಿಕ ಸ್ವಾಗತ

ಗಿಡಗಳ ಪಾಠ ಹೇಳುವವನಿಗೆ ಊರಿನಲ್ಲಿ ಮರ್ಯಾದೆ ಇದೆ, ಕೇಳುವವರಿಲ್ಲ ಅಷ್ಟೇ. ಹಳಿಯಾಳದ ಕಾಲೇಜಿನಲ್ಲಿ ನಾನು ಜರೀಗಿಡದ ಬಗ್ಗೆ ಉಪನ್ಯಾಸ ಇಟ್ಟಾಗ ಬಂದವರಲ್ಲಿ ಒಬ್ಬರು ಫ್ಯಾನ್ ರಿಪೇರಿಯವರು. ಆದರೆ ಗಾಂಜಾ ಎಂಬ ಎರಡಕ್ಷರ ಬಾಯಿಂದ ಬಿದ್ದದ್ದೇ ತಡ, ಒಂದರ ಹಿಂದೊಂದು ಏನಾದರೂ ಆಗುತ್ತಲೇ ಹೋಯಿತು!

"ಗಾಂಜಾ ಗಿಡದ ಪರಿಚಯ" ಅಂತ ಸಾರ್ವಜನಿಕ ಉಪನ್ಯಾಸ ಕೊಡುತ್ತೇನೆ ಎಂದೆ. ಪ್ರಾಂಶುಪಾಲರು ಬೆವರೊರೆಸಿಕೊಂಡು ಒಪ್ಪಿದರು, ಒಂದು ಷರತ್ತು ಹಾಕಿ. "ನೋಡ್ರಿ, ಪೊಲೀಸರು ಏನರೆ ಗೇಟಿನೊಳಗ ಬಂದ್ರ, ನಿಮ್ಮ ಹಿತ್ತಲದ ತೋಟ ಕಿತ್ತು ಬೈಕ್ ನಿಲ್ಲಸಾಕ ಜಾಗಾ ಮಾಡ್ತೇನಿ."

ಆ ತೋಟ ನನ್ನ ಜೀವ. ಬರೀ ಕಲ್ಲುನೆಲದಲ್ಲಿ ನಾನೇ ಮಣ್ಣು ಹೊತ್ತು ಎಬ್ಬಿಸಿದ್ದು. ಗಾಂಜಾ ಬೆಳೆದರೆ ಜೈಲು, ಹಾಗಾಗಿ ಎಲೆಯ ಹೋಲಿಕೆ ತೋರಿಸಲು ಒಂದು ಮಡಿ ಪುಂಡಿ ಹಾಕಿದ್ದೆ. ರೊಟ್ಟಿ ಜೊತೆ ನಾವು ತಿನ್ನುವ ಹುಳಿ ಸೊಪ್ಪು ಅದು. ಎಲೆ ಮಾತ್ರ ಬೆರಳು ಬಿಡಿಸಿದ ಅಂಗೈಯಂತೆ ಸೀಳಿಕೊಂಡು, ಥೇಟ್ ಗಾಂಜಾದ ತಂಗಿ. ಸೊಪ್ಪೆಲ್ಲ ಎದುರಿನ ಖಾನಾವಳಿಗೆ ಹೋಗುತ್ತಿತ್ತು.

ಎಲೆಗಳ ನಡುವೆ ನಾನು

ದಾಂಡೇಲಿಯ ಬ್ಯಾನರ್ ಅಂಗಡಿಯವರಿಗೆ ವಿಷಯ, ದಿನ, ಸಮಯ ಹೇಳಿ ಬಂದೆ. ಮರುದಿನ ಗೇಟಿನ ಮೇಲೆ ಬ್ಯಾನರ್ ಏರಿತ್ತು. ಸುತ್ತ ದೊಡ್ಡ ದೊಡ್ಡ ಗಾಂಜಾ ಎಲೆ, ನಡುವೆ ಕೈ ಮುಗಿದು ನಗುತ್ತಿರುವ ನಾನು. ಮೇಲೆ "ಹಾರ್ದಿಕ ಸ್ವಾಗತ". ಕೆಳಗೆ "ಸಂಪರ್ಕಿಸಿ" ಎಂದು ನನ್ನ ಮೊಬೈಲ್ ನಂಬರ್.

ಫೋನ್ ಮಾಡಿ ಕೂಗಾಡಿದೆ.

"ಅರೆ ಸರ್, ಬ್ಯಾನರ್ ಅಂದಮ್ಯಾಲೆ ಫೋಟೊ, ನಂಬರ್ ಇರಬೇಕಲ್ರಿ. ಬೇಕಾದ್ರ ಶುಭ ಕೋರೋರ ಫೋಟೊನೂ ಹಾಕ್ತೇನಿ. ನಿಮ್ಮ ಪ್ರಿನ್ಸಿಪಾಲರದು ಐತಿ ನನ್ ಕಡೆ."

ಫೋನಿನ ಗಿರಾಕಿಗಳು

ಬ್ಯಾನರಿನ ಫೋಟೊ ವಾಟ್ಸಾಪಿನಲ್ಲಿ ಹರಡಿ, ಸಂಜೆಯಿಂದ ಫೋನ್ ಬಡಿದುಕೊಳ್ಳತೊಡಗಿತು. ಮುಂಡಗೋಡದಿಂದ ಒಬ್ಬರು ಸಣ್ಣ ದನಿಯಲ್ಲಿ, "ಆ ಪರಿಚಯ ಪೊಟ್ಟಣದಾಗ ಸಿಗತೈತೇನ್ರಿ?" ಎಂದರು. ಜೋಯಿಡಾದಿಂದ ಇನ್ನೊಬ್ಬರು, "ಬಸ್ಸಿನಾಗ ಕಳಸ್ತೀರೇನು?" ಎಂದರು.

ನನಗೆ ರೇಗಿತು. "ರೀ, ಇದು ಉಪನ್ಯಾಸ! ನಾನು ಬರೇ ಮಾತಾಡ್ತೇನಿ!"

ಅತ್ತಲಿಂದ ಒಂದು ನಿಟ್ಟುಸಿರು. "ಎಷ್ಟೊತ್ತು ಮಾತಾಡಿದ್ರ ನಶಾ ಏರತೈತ್ರಿ?"

ಗಂಡು ಗಿಡದ ಗತಿ

ಸಭಾಂಗಣ ಕಿಕ್ಕಿರಿದಿತ್ತು. ಕಿಟಕಿಯಲ್ಲೂ ಜನ! ಖುಷಿಯಿಂದ ಶುರು ಹಚ್ಚಿಕೊಂಡೆ. ಕಾಂಡದ ನಾರಿನಿಂದ ಹಗ್ಗ, ಬಟ್ಟೆ, ಕಾಗದ. ಬೀಜದಲ್ಲಿ ನಶೆಯಿಲ್ಲ, ಎಣ್ಣೆಯಿದೆ, ಅದರ ಚಟ್ನಿ ಅರೆಯುವ ಸೀಮೆಗಳಿವೆ. ಎಲೆ ಭಂಗಿ, ಹೂವು ಗಾಂಜಾ, ಅಂಟು ಚರಸ್. ಕೆಲವು ಬಗೆಯ ಮೂರ್ಛೆರೋಗಕ್ಕೆ ಔಷಧವೂ ಇದರಿಂದಲೇ ಬಂದಿದೆ. ಗಿಡದಲ್ಲಿ ಮೂರು ಜಾತಿ: ಸಟೈವಾ ಎತ್ತರ, ಸಪೂರ ಎಲೆ. ಇಂಡಿಕಾ ಗಿಡ್ಡ, ಅಗಲ ಎಲೆ. ರುಡೆರಾಲಿಸ್ ಚಳಿಸೀಮೆಯ ಕುಳ್ಳು. ನಾರಿಗೆಂದೇ ಬೆಳೆಯುವ ತಳಿಯಲ್ಲಿ ನಶೆ ಇಲ್ಲವೆನ್ನುವಷ್ಟು ಕಡಿಮೆ. ಸಾಮಾನ್ಯವಾಗಿ ಗಂಡು, ಹೆಣ್ಣು ಬೇರೆ ಬೇರೆ ಗಿಡ, ನಶೆಯ ಜೋರೆಲ್ಲ ಹೆಣ್ಣು ಹೂವಿನದು.

ಮುಂದಿನ ಸಾಲಿನಲ್ಲಿದ್ದ ಖಾನಾವಳಿಯ ಅಕ್ಕ ಎದ್ದರು. "ಹಂಗಾರ ಗಂಡು ಗಿಡ ಏನ್ ಮಾಡತೈತ್ರಿ?"

"ಪರಾಗ ಉದುರಿಸಿ ಒಣಗಿ ಹೋಗತೈತ್ರಿ."

ಅಕ್ಕ ಪಕ್ಕದಲ್ಲಿ ಕೂತ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಅದು ಒಣಗಿಯಾದರೂ ಹೋಗತೈತಿ. ನಮ್ಮದು ಕುಂತು ಊಟಾ ಮಾಡತೈತಿ."

ಜಪ್ತಿ

ಚಪ್ಪಾಳೆ ನಿಲ್ಲುವ ಮೊದಲೇ ಜೀಪು ಬಂತು. ಬ್ಯಾನರ್ ಓದಿಯೇ ಬಂದದ್ದು. ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ತರುಣ ಸಬ್‌ಇನ್‌ಸ್ಪೆಕ್ಟರ್ ನೇರ ಹಿತ್ತಲಿಗೆ ನಡೆದು, ಪುಂಡಿ ಮಡಿ ಕಂಡು ಹೆಚ್ಚುಕಮ್ಮಿ ಕುಣಿದೇಬಿಟ್ಟರು. "ಸಿಕ್ತು! ಇಷ್ಟೊಂದು!"

"ಸರ್, ಇದು ಪುಂಡಿ. ತಿನ್ನೋ ಸೊಪ್ಪು."

"ಸಿಕ್ಕಿಬಿದ್ದೋರೆಲ್ಲ ಏನೋ ಒಂದು ಸೊಪ್ಪಿನ ಹೆಸರು ಹೇಳ್ತಾರೆ ಸ್ವಾಮಿ" ಎಂದು ಒಂದು ಎಲೆ ಕಿತ್ತು, ಮೊಬೈಲಿನಲ್ಲಿದ್ದ ಬ್ಯಾನರಿನ ಫೋಟೊ ಪಕ್ಕ ಹಿಡಿದರು. ಹೋಲಿಕೆಯೆಂದರೆ ಹೋಲಿಕೆ! ಪ್ರಾಂಶುಪಾಲರು ಗುದ್ದಲಿ ತರಲು ಓಡಿದರು. ನನ್ನ ಕಣ್ಣಲ್ಲಿ ನೀರೇ ಬಂತು.

ಪಂಚನಾಮೆಗೆ ಸಾಕ್ಷಿ ಬೇಕೆಂದು ಸಾಹೇಬರು ಖಾನಾವಳಿಯ ಅಕ್ಕನನ್ನು ಕರೆದರು. "ಈ ಗಿಡ ಮೊದಲು ನೋಡಿದೀರಾ?"

"ನೋಡೂದೇನ್ ಬಂತ್ರಿ? ದಿನಾ ಇಲ್ಲಿಂದ ಒಯ್ದು ಕುದಸ್ತೇನಿ. ನಮ್ಮ ಮೊಮ್ಮಗಾನೂ ತಿಂತಾನ."

"ಮಗೂಗೂ ಕೊಡ್ತೀರಾ?" ಸಾಹೇಬರು ಹೌಹಾರಿದರು. "ಇನ್ನೂ ಯಾರ್ಯಾರಿಗೆ? ಹೆಸರು ಹೇಳಿ. ಒಬ್ಬರನ್ನೂ ಬಿಡಲ್ಲ!"

"ಎಲ್ಲಾರಕಿಂತ ಜಾಸ್ತಿ ನಿಮಗರೀ ಸಾಹೇಬ್ರ. ನೀವು ಈ ಊರಿಗೆ ಬಂದಾಗಿಂದ ಸ್ಟೇಷನ್ನಿಗೆ ಡಬ್ಬಿ ನಂದ ಅಲ್ಲೇನು? ಆ ಹುಳಿ ಪಲ್ಯಾ ಇನ್ನೊಂದೀಟು ಹಾಕಿ ಕಳಸ್ರಿ ಅಂತ ನಿನ್ನೇನ ಹೇಳಿ ಕಳಿಸಿದ್ರೆಲ್ಲಾ."

ಜೊತೆಗಿದ್ದ ಪೇದೆ ಗೋಡೆ ಕಡೆ ತಿರುಗಿ ನಿಂತರು, ಭುಜ ಮಾತ್ರ ಕುಲುಕುತ್ತಿತ್ತು. ಸಾಹೇಬರು ಕೈಯಲ್ಲಿದ್ದ ಎಲೆಯ ತುದಿ ಕಚ್ಚಿ ನೋಡಿದರು. ಹುಳಿ. ದಿನಾ ಮಧ್ಯಾಹ್ನದ ಅದೇ ಹುಳಿ.

ಅಷ್ಟರಲ್ಲಿ ಪ್ರಾಂಶುಪಾಲರು ಗುದ್ದಲಿ ಹಿಡಿದು ಏದುಸಿರು ಬಿಡುತ್ತ ಬಂದರು. "ಸಾಹೇಬ್ರ, ಬುಡಾ ಸಮೇತ ಕಿತ್ತಸ್ತೇನ್ರಿ!"

"ಒಂದು ಗಿಡ ಮುಟ್ಟಿದ್ರೂ ಒಳಗೆ ಹಾಕ್ತೀನಿ!" ಸಾಹೇಬರು ಗುಡುಗಿದರು. "ನಾಳೆ ನನ್ನ ಡಬ್ಬಿಗೆ ಏನ್ ಮಾಡೋದು?"