ಬೆಲ್‌ಬಾಟಮ್ ವಿಜಾಪುರಕ್ಕೆ ಬಂದಾಗ

ಹೊಲಿಗೆ ಮಷಿನ್ನಿನ ಮುಂದೆ ಕೂತವನು ಊರಿನ ಸುದ್ದಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಟ್ಟೆಯ ಗಂಟನ್ನು ಕಂಕುಳಲ್ಲಿ ಹಿಡಿದುಕೊಂಡು ಸುದ್ದಿಯೇ ಅಂಗಡಿಗೆ ಬರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ಬಜಾರಿನಲ್ಲಿ ನಮ್ಮ ಮಾಮುವಿನ ಟೇಲರ್ ಅಂಗಡಿಯಲ್ಲಿದ್ದೆ. ಮಾಮು ಎಂದರೆ ನಮ್ಮ ಅಮ್ಮನ ಅಣ್ಣ. ಅಳತೆ, ಕತ್ತರಿ ಅವರದು, ಮಷಿನ್ ನನ್ನದು. ಅಲ್ಲಿಯವರೆಗೆ ನಮಗೆ ಗೊತ್ತಿದ್ದ ಲೋಕ ಸಣ್ಣದು. ಸಾಹೇಬರಿಗೆ ಪ್ಯಾಂಟು, ರೈತರಿಗೆ ಅಂಗಿ, ಸಾಲಿ ಹುಡುಗರಿಗೆ ಖಾಕಿ ಚಡ್ಡಿ, ಈದಿಗೆ ಪೈಜಾಮಾ. ಆಮೇಲೆ ಏನಾಯಿತೋ ಏನೋ, ಟಾಕೀಜಿನ ಪರದೆಯ ಮೇಲಿದ್ದ ಬಟ್ಟೆಗಳೆಲ್ಲ ಇಳಿದು ಬೀದಿಗೆ ಬಂದವು. ಒಂದನ್ನು ನೋಡಿ ತೆರೆದ ಬಾಯಿ ಮುಚ್ಚುವುದರೊಳಗೆ ಇನ್ನೊಂದು ಬರುತ್ತಿತ್ತು. ಅಂಥ ಕೆಲವನ್ನು ಇಲ್ಲಿ ಹೇಳುತ್ತೇನೆ.

ತಳವಿಲ್ಲದ ಚೀಲ

ನಮ್ಮಲ್ಲಿ ಮೊದಲ ಬೆಲ್‌ಬಾಟಮ್ ಹೊಲಿಸಿದವನು ಜಲನಗರದ ಒಬ್ಬ ಕಾಲೇಜು ಹುಡುಗ. ಬಿದಿರು ಕೋಲಿನಂಥ ಮೈ. ಸಿನಿಮಾ ಪತ್ರಿಕೆಯಿಂದ ಹರಿದ ಒಂದು ಚಿತ್ರವನ್ನು ತಂದು ಮಾಮುವಿನ ಮುಂದಿಟ್ಟ. ಅದರಲ್ಲಿದ್ದವನ ಪ್ಯಾಂಟು ಮೊಣಕಾಲಿನವರೆಗೆ ಮೈಗೆ ಅಂಟಿಕೊಂಡು, ಅಲ್ಲಿಂದ ಕೆಳಗೆ ಕೊಡೆ ಬಿಚ್ಚಿದಂತೆ ಬಿಚ್ಚಿಕೊಂಡಿತ್ತು. ಮಾಮು ಬಹಳ ಹೊತ್ತು ನೋಡಿದರು. ಕಾಗದದ ಮೇಲೆ ನೀರು ಬಿದ್ದು ಚಿತ್ರ ಹರಡಿಕೊಂಡಿದೆಯೇ ಎಂದು ಬೆರಳಿನಿಂದ ಉಜ್ಜಿ ಕೂಡ ನೋಡಿದರು.

ಹುಡುಗ ಇಪ್ಪತ್ತಾರು ಇಂಚು ಇಡ್ರಿ ಎಂದ. ಮಾಮು ಟೇಪನ್ನು ಅವನ ಸೊಂಟಕ್ಕೆ ಸುತ್ತಿದರು. ಸರಿಯಾಗಿ ಅಷ್ಟೇ ಇತ್ತು. ಹುಡುಗ ತಾಳ್ಮೆಯಿಂದ ಟೇಪನ್ನು ಬಿಡಿಸಿ, ಬಗ್ಗಿ, ತನ್ನ ಪಾದದ ಹತ್ತಿರ ಹಿಡಿದು, ಸೊಂಟದ್ದಲ್ಲ, ಇಲ್ಲಿಯದು ಎಂದು ತೋರಿಸಿದ. ಮಾಮು ಹೂಂ ಎಂದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಒಂದೊಂದು ಕಾಲಿಗೆ ಒಂದೊಂದು ಸೊಂಟಾ ಬೇಕಂತ" ಎಂದು ಮೆಲ್ಲಗೆ ಹೇಳಿದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇಷ್ಟು ವರ್ಷ ತಮಗೆ ಇದು ಹೊಳೆಯಲಿಲ್ಲವಲ್ಲ ಎಂಬ ಅಚ್ಚರಿ ಇತ್ತು.

ಹೊಲಿದು ಇಸ್ತ್ರಿ ಮಾಡಿ ಅಂಗಡಿಯ ಬಾಗಿಲಿಗೆ ತೂಗುಹಾಕಿದೆವು. ಮಾಮು ಸೊಂಟದ ಕಡೆಯನ್ನು ಮೇಲೆ ಮಾಡಿದ್ದರು. ಗಾಳಿಗೆ ಕೆಳಗಿನ ಎರಡೂ ಬಾಯಿ ಉಬ್ಬುತ್ತಿದ್ದವು. ಸಂತೆಗೆ ಬಂದ ಕನಮಡಿಯ ಹಿರಿಯರೊಬ್ಬರು ಅದರ ಮುಂದೆ ನಿಂತುಬಿಟ್ಟರು. ಬಟ್ಟೆಯನ್ನು ಮುಟ್ಟಿದರು, ಒಳಗೆ ಕೈ ಹಾಕಿ ಅಗಲ ನೋಡಿದರು. ಎತ್ತಿನ ಬೆನ್ನಿನ ಮೇಲೆ ಎರಡೂ ಕಡೆ ಇಳಿಬಿಡುವ ಜೋಡು ಚೀಲ ಎಂದು ಅವರು ತಿಳಿದಿದ್ದರು. ಇಂಥದನ್ನು ಎಲ್ಲಿಯೂ ನೋಡಿರಲಿಲ್ಲ, ಬಹಳ ಚಲೋ ಹೊಲಿದಿದ್ದೀರಿ ಎಂದು ಮಾಮುವನ್ನು ಹೊಗಳಿದರು. ಆಮೇಲೆ ಹತ್ತಿರ ಬಂದು, ಬೇರೆ ಗಿರಾಕಿಗಳಿಗೆ ಕೇಳಿಸದಂತೆ ಹೇಳಿದರು:

"ಎಲ್ಲಾ ಬರೋಬ್ಬರಿ ಐತ್ರಿ ಮಾಸ್ತರ. ತಳಾ ಹೊಲಿಯೂದು ಒಂದ ಮರತೀರಿ."

ಗಾಳಿಯಲ್ಲಿ ಕತ್ತರಿ

ನಮ್ಮ ಪಕ್ಕದ್ದು ಹಜಾಮನ ಅಂಗಡಿ. ಬೆಲ್‌ಬಾಟಮ್ ಬಂದದ್ದರಿಂದ ನಮಗೆ ಕೆಲಸ ಹೆಚ್ಚಾಯಿತು. ಅದರ ಜೊತೆಗೇ ಬಂದ ಉದ್ದ ಕೂದಲಿನಿಂದ ಅವನ ಕುರ್ಚಿ ಖಾಲಿಯಾಯಿತು. ಕೈಯಲ್ಲಿ ಬಾಚಣಿಕೆ ಹಿಡಿದು ಬಾಗಿಲಲ್ಲಿ ನಿಂತು, ಹೋಗುವ ಬರುವ ಹುಡುಗರ ತಲೆಗಳನ್ನು ಅವನು ಒಂದೊಂದಾಗಿ ನೋಡುತ್ತಿದ್ದ.

ಒಂದು ದಿನ ಒಬ್ಬ ಹುಡುಗ ತಾನಾಗಿಯೇ ಬಂದು ಕುರ್ಚಿಯಲ್ಲಿ ಕೂತ. ಕಿವಿ ಮುಚ್ಚಿದ್ದ ಕೂದಲು ಕಾಲರಿನ ಮೇಲೆ ಬಿದ್ದಿತ್ತು. ಹಜಾಮ ಸಂತೋಷದಿಂದ ಬಿಳಿ ಬಟ್ಟೆ ಝಾಡಿಸಿ ಹೊದಿಸಿದ. ಆಗ ಹುಡುಗ ಷರತ್ತು ಹಾಕಿದ. ಮುಂದಿನದು ಮುಟ್ಟಬಾರದು. ಕಿವಿಯ ಮೇಲಿನದು ಹಾಗೇ ಇರಬೇಕು. ಹಿಂದಿನದು ಒಂದು ಎಳೆಯೂ ಕಡಿಮೆಯಾಗಬಾರದು. ಆದರೆ ಕಟಿಂಗ್ ಮಾಡಿಸಿದಂತೆ ಕಾಣಬೇಕು.

ಹಜಾಮ ಕನ್ನಡಿಯಲ್ಲಿ ಅವನ ಮುಖವನ್ನೂ ತನ್ನ ಮುಖವನ್ನೂ ನೋಡಿದ. ಕೊನೆಗೆ ಬೇರೆ ದಾರಿ ಕಾಣದೆ, ಬಾಚಣಿಕೆ ಆಡಿಸುತ್ತ, ಕತ್ತರಿಯನ್ನು ತಲೆಯ ಸುತ್ತ ಗಾಳಿಯಲ್ಲಿ ಕಚಕಚ ಎನಿಸುತ್ತ ಒಂದು ಸುತ್ತು ಬಂದ. ಒಂದು ಕೂದಲೂ ನೆಲಕ್ಕೆ ಬೀಳಲಿಲ್ಲ. ಹುಡುಗ ಎದ್ದು, ಹಿಂದೆ ಮುಂದೆ ತಿರುಗಿ ನೋಡಿಕೊಂಡು, ಇಡೀ ವಿಜಾಪುರದಲ್ಲಿ ನನ್ನ ಮನಸ್ಸು ತಿಳಿದವರು ನೀವೊಬ್ಬರೇ ಎಂದ. ಮರುದಿನ ಇನ್ನೂ ನಾಲ್ಕು ಮಂದಿ ದೋಸ್ತರನ್ನು ಕರೆದುಕೊಂಡು ಬಂದ.

ತಿಕೋಟಾದ ನೈಲಾನ್ ಸೀರೆ

ನಮ್ಮ ಅಕ್ಕನನ್ನು ಕೊಟ್ಟದ್ದು ತಿಕೋಟಾಕ್ಕೆ. ಅವಳ ಪಕ್ಕದ ಮನೆಯವರದು ದ್ರಾಕ್ಷಿ ತೋಟ. ಆ ಮನೆಯ ಮಗ ಸೊಲ್ಲಾಪುರಕ್ಕೆ ಹೋದವನು ಹೊಸ ಹೆಂಡತಿಗೆಂದು ಒಂದು ನೈಲಾನ್ ಸೀರೆ ತಂದ. ಆ ಓಣಿಯಲ್ಲಿ ಅಲ್ಲಿಯವರೆಗೆ ಇಳಕಲ್ ಸೀರೆ ಬಿಟ್ಟರೆ ಬೇರೆ ಯಾವುದನ್ನೂ ಯಾರೂ ಉಟ್ಟಿರಲಿಲ್ಲ. ಅಂಥ ಸೀರೆಯನ್ನು ತೊಳೆದು ಹಿಂಡಬೇಕಾದರೆ ಇಬ್ಬರು ಬೇಕು. ಒಣಗಬೇಕಾದರೆ ಮಧ್ಯಾಹ್ನದ ಬಿಸಿಲು ಬೇಕು.

ಅದಕ್ಕೆ ಹೊಂದುವಂತೆ ನಾವು ಹೊಲಿದ ಜಂಪರ್, ಅಂದರೆ ರವಿಕೆ, ಕೊಡಲು ನಾನು ಹೋದ ದಿನವೇ ಸೀರೆಯ ಪ್ರದರ್ಶನ ನಡೆದಿತ್ತು. ಇದು ಹಿಂಡುವುದೇ ಬೇಡ, ಝಾಡಿಸಿದರೆ ಒಣಗುತ್ತದೆ ಎಂದು ಅಂಗಡಿಯವನು ಹೇಳಿದ್ದಾನೆಂದು ಮಗ ಹೇಳಿದ. ಅವನ ತಾಯಿ, ಅಂದರೆ ಹೊಸ ಸೊಸೆಯ ಅತ್ತೆ, ನಂಬಲಿಲ್ಲ. ಬಾವಿಕಟ್ಟೆಗೆ ಒಯ್ದು ಕೊಡದಲ್ಲಿ ಅದ್ದಿ ತೆಗೆದು ಹಗ್ಗಕ್ಕೆ ಹಾಕಿದರು. ಅಡಿಕೆ ಎಲೆ ಮಡಿಚಿ ಬಾಯಿಗೆ ಹಾಕಿಕೊಂಡು ತಿರುಗಿ ನೋಡುವುದರೊಳಗೆ ಸೀರೆ ಒಣಗಿ ಹಾರಾಡುತ್ತಿತ್ತು. ಅತ್ತೆ ಅದನ್ನು ಕೆನ್ನೆಗೆ ಹಚ್ಚಿ ನೋಡಿದರು. ಒಣಗಿದೆ ಎಂದು ಯಾರಿಗೂ ಹೇಳದೆ ಮತ್ತೆ ಅದ್ದಿದರು.

ಸುದ್ದಿ ಓಣಿಗೆ ಹಬ್ಬಿತು. ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಕೈಯಲ್ಲೇ ಬಂದರು. ನೋಡಿದವರಿಗೆ ನಂಬಿಕೆ ಬಂತು, ಆದರೆ ತಮ್ಮ ಕೈಯಿಂದಲೇ ಅದ್ದಿ ನೋಡಬೇಕೆಂಬ ಆಸೆ ಹೋಗಲಿಲ್ಲ. ನಮ್ಮ ಅಕ್ಕನೂ ಒಂದು ಸಲ ಅದ್ದಿದಳು. ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಎಲ್ಲರ ಪ್ರಶ್ನೆ. ಒಬ್ಬಾಕೆ ಹಗ್ಗದ ಕೆಳಗೆ ಹಿಟ್ಟು ಕಲಸುವ ಪರಾತ ಇಟ್ಟು ಕಾಯುತ್ತ ಕೂತಳು.

ಸೀರೆಯ ಒಡತಿ, ಆ ಹೊಸ ಸೊಸೆ, ಒಳಗೆ ಹಳೇ ಸೀರೆಯಲ್ಲೇ ಕೂತು ಕಿಟಕಿಯಿಂದ ನೋಡುತ್ತಿದ್ದಳು. ನಾನು ಜಂಪರ್ ಕೊಟ್ಟು ಹೊರಡುವಾಗ ಅವಳು ನಮ್ಮ ಅಕ್ಕನಿಗೆ ಬಹಳ ಶಾಂತವಾಗಿ ಹೇಳಿದಳು:

"ಅಕ್ಕಾ, ನನಗ ಹೊಸಾ ಸೀರಿ ತಂದಾರ ನೋಡ್ರಿ. ನಾ ಉಡೂದರಾಗ ಹಳೇದಾಗಾಕತ್ತೈತಿ."

ಕರಿ ಚಸ್ಮಾದ ಮದುಮಗ

ಕನಮಡಿಯ ರೈತರೊಬ್ಬರ ಮೊಮ್ಮಗಳ ಮದುವೆ. ಹುಡುಗ ವಿಜಾಪುರದವನು, ನೌಕರಿಯಲ್ಲಿದ್ದವನು. ಅವನ ಸೂಟು ಹೊಲಿದವರು ನಾವು. ಹಾಗಾಗಿ ನನಗೂ ಕರೆ ಬಂದಿತ್ತು. ಮದುಮಗ ಜೀಪಿನಿಂದ ಇಳಿದಾಗ ಹಂದರದಲ್ಲಿದ್ದವರೆಲ್ಲ ಅತ್ತ ತಿರುಗಿದರು. ಸೂಟಿನ ಮೇಲೆ ಬಾಸಿಂಗ, ಬಾಸಿಂಗದ ಕೆಳಗೆ ದೊಡ್ಡ ಕರಿ ಚಸ್ಮಾ. ಹುಡುಗರೆಲ್ಲ ಹಿಂದೆ ಹಿಂದೆಯೇ ನಡೆದರು. ನಾನು ಹೊಲಿದ ಸೂಟನ್ನು ಒಬ್ಬನೂ ನೋಡಲಿಲ್ಲ.

ಅಕ್ಷತೆಯ ಹೊತ್ತಿಗೆ ಹುಡುಗಿಯ ಅಜ್ಜಿ ತಗಾದೆ ತೆಗೆದರು. ಚಸ್ಮಾ ತೆಗೆಯದೆ ಅಕ್ಕಿಕಾಳು ಬೀಳಬಾರದು ಎಂದರು. ಹುಡುಗನ ಕಾಕಾ, ಇದು ಫ್ಯಾಷನ್ನು, ಊರಾಗ ಎಲ್ಲಾರೂ ಹಾಕ್ತಾರ ಎಂದು ತಿಳಿಸಿ ಹೇಳಿದ. ಹುಡುಗ ಮಾತ್ರ ಚಸ್ಮಾದ ಮೇಲಿಂದ ಕೈ ತೆಗೆಯಲಿಲ್ಲ. ಅಲ್ಲಿಗೆ ಅಜ್ಜಿಯ ಸಂಶಯ ಗಟ್ಟಿಯಾಯಿತು. ನೋಡಲು ಬಂದ ದಿನ ಕಣ್ಣಿದ್ದವು, ಈಗ ಇವೆಯೋ ಇಲ್ಲವೋ ಯಾರಿಗೆ ಗೊತ್ತು ಎಂದರು. ಬಾಜಾದವರು ಊದುವುದನ್ನು ನಿಲ್ಲಿಸಿದರು. ಮದುವೆ ಮುರಿದೇ ಹೋಯಿತು ಎಂದು ನನಗೂ ಅನಿಸಿತು.

ಆಗ ಅಜ್ಜಿಯ ದೃಷ್ಟಿ ನನ್ನ ಮೇಲೆ ಬಿತ್ತು. ನೀ ಟೇಲರ್ ಹೌದಲ್ಲ, ಸೂಜಿ ದಾರ ಕೊಡು ಎಂದರು. ನನ್ನ ಕಾಲರಿನ ಹಿಂದೆ ಚುಚ್ಚಿಕೊಂಡಿದ್ದ ಸೂಜಿಯನ್ನೂ ಅದಕ್ಕೆ ಸುತ್ತಿದ್ದ ದಾರವನ್ನೂ ತೆಗೆದುಕೊಟ್ಟೆ. ಅಜ್ಜಿ ಅವನ್ನು ಮದುಮಗನ ಕೈಗಿಟ್ಟು ಪೋಣಿಸು ಎಂದರು. ಅವನು ಕರಿ ಚಸ್ಮಾ ಹಾಕಿಕೊಂಡೇ ದಾರವನ್ನು ಅತ್ತ ಇತ್ತ ಚುಚ್ಚಿದ. ಚಸ್ಮಾದ ಕೆಳಗಿನಿಂದ ನೀರು ಇಳಿದು ಗಲ್ಲದ ಮೇಲೆ ಬಂತು. ಕೊನೆಗೆ ಸೋತು ಚಸ್ಮಾ ತೆಗೆದ. ಎರಡೂ ಕಣ್ಣು ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಗಾಗಿ ಬಾತುಕೊಂಡಿದ್ದವು. ಊರಾಗೆಲ್ಲ ಕಣ್ಣ ಬ್ಯಾನಿ ಹಬ್ಬೈತಿ, ನನಗೂ ಬಂದೈತಿ, ಹೇಳಿದ್ರ ಮದಿವಿ ಮುಂದ ಹಾಕ್ತೀರಿ ಅಂತ ಮುಚ್ಚಿಕೊಂಡಿದ್ದೆ ಎಂದು ತಲೆ ತಗ್ಗಿಸಿದ.

ಅಜ್ಜಿ ಹತ್ತಿರ ಹೋಗಿ ಎರಡನ್ನೂ ಚೆನ್ನಾಗಿ ನೋಡಿದರು. "ಅದಾವಲ್ಲ, ಸಾಕು" ಎಂದು ಅಕ್ಕಿಕಾಳು ಹಾಕಲು ಹೇಳಿದರು.

ಬೇನೆ ಅಲ್ಲಿಗೆ ನಿಲ್ಲಲಿಲ್ಲ. ಹಂದರದಲ್ಲಿ ಕೂತವರಿಗೆಲ್ಲ ಅಂಟಿತು. ನಾನೂ ಕರಿ ಚಸ್ಮಾ ಹಾಕಿಕೊಂಡು ಮಷಿನ್ ತುಳಿದೆ. ಆ ವಾರ ಕನಮಡಿಯಿಂದ ಬಂದ ಗಿರಾಕಿಯೊಬ್ಬರನ್ನು ಅಜ್ಜಿ ಹೇಗಿದ್ದಾರೆ ಎಂದು ಕೇಳಿದೆ. ಅಜ್ಜಿಯೂ ದೊಡ್ಡ ಕರಿ ಚಸ್ಮಾ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಾರೆ, ಯಾರಾದರೂ ಏನಾತ್ರಿ ಎಂದು ಕೇಳಿದರೆ, ಇದು ಫ್ಯಾಷನ್ನು, ನಿಮಗ ತಿಳಿಯೂದಿಲ್ಲ ಎನ್ನುತ್ತಿದ್ದಾರೆ ಎಂದರು.

ಬಬಲೇಶ್ವರದ ಅಪ್ಪ

ಬಬಲೇಶ್ವರದ ಒಬ್ಬ ರೈತ. ಮಗ ವಿಜಾಪುರದಲ್ಲಿ ರೂಮು ಹಿಡಿದು ಕಾಲೇಜು ಓದುತ್ತಿದ್ದ. ಮಗ ನಮ್ಮಲ್ಲಿ ಬೆಲ್‌ಬಾಟಮ್ ಹೊಲಿಸಿಕೊಂಡು ಮಳೆಗಾಲದಲ್ಲಿ ಊರಿಗೆ ಹೋದ. ಅಲ್ಲಿಯದು ಎರಿ ಮಣ್ಣು. ಹಸಿಯಾದರೆ ಕಾಲು ಹಿಡಿದು ಬಿಡುವುದಿಲ್ಲ. ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಪ್ಯಾಂಟಿನ ಅಂಚಿಗೆ ಮಣ್ಣಿನ ಎರಡು ದೊಡ್ಡ ಮುದ್ದೆಗಳು ಕಟ್ಟಿದ್ದವು. ಹುಡುಗ ಎರಡೂ ಕೈಯಿಂದ ಪ್ಯಾಂಟು ಎತ್ತಿ ಹಿಡಿದು ಅಂಗಳಕ್ಕೆ ಬಂದ. ಅಪ್ಪ ನೋಡಿ, ಅರ್ಧಾ ಹೊಲಾ ಹೊತಗೊಂಡ ಬಂದಿ, ಹೋಗಿ ಇದ್ದಲ್ಲೆ ಹಾಕಿ ಬಾ ಎಂದನಂತೆ.

ಮುಂದಿನ ಸಂತೆಗೆ ಅಪ್ಪ ಒಗೆದ ಪ್ಯಾಂಟನ್ನು ಚೀಲದಲ್ಲಿ ಹಾಕಿಕೊಂಡು, ಮಗನನ್ನೂ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದ. ತಲೆಗೆ ಪಟಕಾ, ಸೊಂಟಕ್ಕೆ ಧೋತರ, ಮೇಲೆ ತಿರುಚಿದ ಹುರಿಮೀಸೆ. ಮಾಮುವಿಗೆ ಹೇಳಿದ್ದು ಇಷ್ಟೇ: ಇದನ್ನು ಮನುಷ್ಯರು ಹಾಕುವಂತೆ ಕತ್ತರಿಸಿ ಕೊಡ್ರಿ. ಮಾಮು, ಮೈಮೇಲೆ ಹಾಕಿದರೆ ಗುರುತು ಮಾಡಿಕೊಡುತ್ತೇನೆ ಎಂದರು. ಮಗ ಒಲ್ಲೆನೆಂದು ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತ. ಅಪ್ಪ ಮಗ ಒಂದೇ ಎತ್ತರ, ಒಂದೇ ಮೈಕಟ್ಟು. ಅಪ್ಪ ತಾನೇ ಪ್ಯಾಂಟು ತೆಗೆದುಕೊಂಡು ಪರದೆಯ ಹಿಂದೆ ಹೋದ.

ಹೊರಗೆ ಬಂದಾಗ ನಾನು ಮಷಿನ್ ತುಳಿಯುವುದನ್ನು ನಿಲ್ಲಿಸಿದೆ. ಮೇಲೆ ಪಟಕಾ, ಮೀಸೆ, ಬಿಳಿ ಅಂಗಿ. ಕೆಳಗೆ ಕೊಡೆಯಂತೆ ಬಿಚ್ಚಿದ ಕಂದು ಬಣ್ಣದ ಬೆಲ್‌ಬಾಟಮ್. ನಗಬೇಕಾದ ದೃಶ್ಯ. ಆದರೆ ಯಾರಿಗೂ ನಗು ಬರಲಿಲ್ಲ. ಆ ಮನುಷ್ಯನಿಗೆ ಅದು ಒಪ್ಪಿತ್ತು. ಆ ಸಿನಿಮಾ ಪತ್ರಿಕೆಯ ಚಿತ್ರದಲ್ಲಿದ್ದವನಿಗಿಂತ ಚೆನ್ನಾಗಿ ಒಪ್ಪಿತ್ತು.

ಅವನು ದೊಡ್ಡ ಕನ್ನಡಿಯ ಮುಂದೆ ನಿಂತ. ಮುಂದೆ ನೋಡಿದ, ಹಿಂದೆ ನೋಡಿದ. ಕಿಸೆಯಲ್ಲಿ ಕೈ ಹಾಕಿದ. ಕೈ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಮಾಮು ಸೀಮೆಸುಣ್ಣ ಹಿಡಿದು ಕೆಳಗೆ ಕೂತು, ಎಲ್ಲಿಗೆ ಕತ್ತರಿಸಲಿ ಎಂದು ಕೇಳಿದರು. ಅವನು ಸ್ವಲ್ಪ ತಡೀರಿ, ನಡೆದು ನೋಡುತ್ತೇನೆ ಎಂದು ಅಂಗಡಿ ಇಳಿದ.

ಬಜಾರಿನಲ್ಲಿ ಗಾಳಿ ಇತ್ತು. ಒಂದೊಂದು ಹೆಜ್ಜೆಗೂ ಪ್ಯಾಂಟು ಪಟಪಟ ಎಂದು ಹೊಡೆಯಿತು. ಚಹಾದಂಗಡಿಯಲ್ಲಿ ಕೂತಿದ್ದವರು ಚಹಾದ ಬಸಿ ಹಿಡಿದುಕೊಂಡೇ ಎದ್ದು ನಿಂತರು. ಮಗ ಓಡಿಬಂದು, ಜನ ನೋಡುತ್ತಿದ್ದಾರೆ, ಮರ್ಯಾದೆ ಹೋಗುತ್ತದೆ, ತೆಗೆ ಎಂದು ಬೇಡಿಕೊಂಡ. ಅಪ್ಪ ಅವನನ್ನು ನಿಧಾನವಾಗಿ ನೋಡಿದ.

"ನೀ ಹಾಕ್ಕೊಂಡಾಗ ನಾ ಇದ ಮಾತ ಹೇಳಿದ್ನಿ. ನೀ ಎಲ್ಲಿ ಕೇಳಿದಿ?"

ಪ್ಯಾಂಟಿಗೆ ಕತ್ತರಿ ಬೀಳಲಿಲ್ಲ. ಧೋತರ ಚೀಲಕ್ಕೆ ಹೋಯಿತು. ಅಪ್ಪ ಹಾಗೇ ಬಸ್ಸು ಹತ್ತಿದ. ಮಗ ಬೇರೆ ಸೀಟಿನಲ್ಲಿ, ಗುರುತಿಲ್ಲದವನಂತೆ ಕೂತನಂತೆ. ಮುಂದಿನದನ್ನು ನಮಗೆ ಹೇಳಿದವನೂ ಆ ಮಗನೇ.

ಮನೆಯ ಬಾಗಿಲು ಗಿಡ್ಡ. ಒಳಗಿದ್ದ ಅವ್ವನಿಗೆ ಮೊದಲು ಕಂಡದ್ದು ಅಗಲವಾದ ಎರಡು ಪ್ಯಾಂಟಿನ ಕಾಲುಗಳು. ಯಾರೋ ದೊಡ್ಡ ಸಾಹೇಬರು ಬಂದರೆಂದು ತಿಳಿದು, ಗಡಬಡಿಸಿ ಸೆರಗು ಹೊದ್ದು, ಬಾಗಿಲ ಮರೆಗೆ ಸರಿದು, ನೆಲ ನೋಡುತ್ತ ಹೇಳಿದಳು:

"ನಮ್ಮ ಮನಿಯವ್ರು ಊರಾಗಿಲ್ರಿ ಸಾಹೇಬ್ರ. ಮಗನ ಪ್ಯಾಂಟ್ ಕತ್ತರಿಸಿಕೊಂಡ ಬರ್ತೇನಂತ ವಿಜಾಪುರಕ್ಕ ಹೋಗ್ಯಾರ. ಕುಂಡ್ರಿ, ಇನ್ನೇನ ಬರ್ತಾರ."

ಅಪ್ಪ ಪ್ಯಾಂಟನ್ನು ಮೊಣಕಾಲ ಹತ್ತಿರ ಸ್ವಲ್ಪ ಮೇಲೆತ್ತಿ ಕುರ್ಚಿಯ ಮೇಲೆ ಕೂತ. ಬಂದವರಿಗೆಂದೇ ಎತ್ತಿಟ್ಟಿದ್ದ ಕಪ್ಪುಬಸಿಯಲ್ಲಿ, ಸಕ್ಕರೆ ಹೆಚ್ಚು ಹಾಕಿದ ಚಹಾ ಬಂತು. ಪೂರಾ ಕುಡಿದು ಮುಗಿಸಿದ ಮೇಲೆಯೇ ತಾನು ಯಾರೆಂದು ಹೇಳಿದನಂತೆ.