ಕೆರೆ ಏರಿ ಮೇಲಿನ ಹೆಣ ನಮ್ಮ ಮಾವ

ಕೆಲವರ ಮನೇಲಿ ಎಂಎಲ್‌ಎ ಇರ್ತಾರೆ, ಕೆಲವರ ಮನೇಲಿ ಮಿಲಿಟರಿಗೆ ಹೋದೋರು ಇರ್ತಾರೆ. ನಮ್ಮ ಮನೇಲಿ ಒಂದು ಹೆಣ ಇದೆ. ದಿನಾ ಬೆಳಗ್ಗೆ ಎದ್ದು ಕಾಫಿ ಕುಡಿದು, ಪೇಪರ್ ಓದಿ, ಹಸು ಮೈ ತೊಳೆಯುತ್ತೆ. ಇಂಥ ಮನೆಗೆ ಸೊಸೆಯಾಗಿ ಬಂದ ಮೇಲೆ ನಗೋ ಪ್ರಸಂಗಗಳು ನಡೀತಾನೇ ಇರ್ತವೆ. ನಾನೂ ತಡೆಯೋಕೆ ಹೋಗಿಲ್ಲ.

ಬಿಡಿಸಿ ಹೇಳ್ತೀನಿ. ನಮ್ಮದು ದೊಡ್ಡಬೆಳವಂಗಲದ ಪಕ್ಕದ ಊರು. ನಾನು ಊರಿನ ಹಾಲಿನ ಡೈರಿ ಸೆಕ್ರೆಟರಿ. ನಾನಿನ್ನೂ ಲಂಗ ಹಾಕ್ಕೊಂಡು ಓಡಾಡ್ತಿದ್ದ ಕಾಲದಲ್ಲಿ ಬೆಂಗಳೂರಿಂದ ಸಿನಿಮಾದೋರು ಬಂದು ಇಲ್ಲಿನ ಕೆರೆ ಏರಿ ಮೇಲೆ ಒಂದು ಪೊಲೀಸ್ ಸಿನಿಮಾ ಶೂಟಿಂಗ್ ಮಾಡಿದ್ರಂತೆ. ಸಿನಿಮಾ ಶುರುವಲ್ಲೇ ಏರಿ ಮೇಲೆ, ಹೊಂಗೆ ಮರದ ಕೆಳಗೆ, ಒಂದು ಹೆಣ ಬಿದ್ದಿರುತ್ತೆ. ಕೊಂದೋರು ಯಾರು ಅಂತ ಹುಡುಕ್ಕೊಂಡು ಇನ್‌ಸ್ಪೆಕ್ಟರ್ ಜೀಪಲ್ಲಿ ಸುತ್ತೋದೇ ಕಥೆ. ಆ ಹೆಣದ ಪಾರ್ಟು ಮಾಡಿದ್ದು ನಮ್ಮ ಮಾವ. ಸಿನಿಮಾ ಆ ಕಾಲಕ್ಕೆ ಓಡಿದ್ದೇ ಓಡಿದ್ದು. ಇವತ್ತಿಗೂ ಜನ ಅದರ ಹೀರೋ ಬಗ್ಗೆ, ಫೈಟ್ ಬಗ್ಗೆ, ಮ್ಯೂಸಿಕ್ ಬಗ್ಗೆ ಬಾಯ್ತುಂಬಾ ಮಾತಾಡ್ತಾರೆ. ನಮ್ಮೂರೋರು ಮಾತ್ರ ಹೆಣದ ಬಗ್ಗೆ ಮಾತಾಡ್ತಾರೆ.

ಮಾವನವರಿಗೆ ಇರೋದು ಒಂದೇ ಹೆಮ್ಮೆ. "ಡೈರೆಕ್ಟ್ರು ಕಟ್ ಅನ್ನೋವರೆಗೂ ನಾನು ಉಸಿರು ಬಿಡಲಿಲ್ಲ ಕಣಮ್ಮ. ರೆಪ್ಪೆ ಆಡಲಿಲ್ಲ, ಹೊಟ್ಟೆ ಆಡಲಿಲ್ಲ. ಅವರೇ ಬಂದು ಮೂಗಿನ ಹತ್ರ ಬೆರಳಿಟ್ಟು ನೋಡಿದ್ರು" ಅಂತಾರೆ. ಹೊಲ ಹೋದ್ರೂ ಮಾವ ತಡ್ಕೋತಾರೆ, ಈ ಮಾತು ಸುಳ್ಳು ಅಂದ್ರೆ ತಡ್ಕೊಳ್ಳಲ್ಲ. ನಾನೂ ಅಷ್ಟೇ, ನನ್ನೆದುರಿಗೆ ಯಾರಾದ್ರೂ ಅಂದ್ರೆ ಜನ್ಮ ಜಾಲಾಡಿಬಿಡ್ತೀನಿ.

ಹೆಣ್ಣು ನೋಡೋ ಶಾಸ್ತ್ರ

ನನ್ನ ತವರು ನಂದಗುಡಿ ಕಡೆ. ನನ್ನ ನೋಡೋಕೆ ಗಂಡಿನ ಕಡೆಯೋರು ಬಂದು ಕೂತಿದ್ರು. ನಮ್ಮಪ್ಪ ಮಾತು ತೆಗೆಯೋಕೆ ಅಂತ, "ಬೀಗರು ಬೇಸಾಯ ಬಿಟ್ಟು ಬೇರೇನಾದ್ರೂ ಮಾಡ್ತಾರಾ?" ಅಂದ್ರು. ಮದುವೆ ಬ್ರೋಕರು ಎದೆ ಉಬ್ಬಿಸಿಕೊಂಡು, "ಸಿನಿಮಾದಲ್ಲಿ ಆ್ಯಕ್ಟ್ ಮಾಡಿದ್ದಾರೆ" ಅಂದ.

"ಹೌದಾ! ಏನು ಪಾರ್ಟು?"

"ಹೆಣದ ಪಾರ್ಟು."

ಕೇಸರಿಬಾತ್ ತಿಂತಿದ್ದೋರ ಕೈ ಹಾಗೇ ನಿಂತುಬಿಡ್ತು. ನಮ್ಮಜ್ಜಿ ಎದ್ದೇಬಿಟ್ಳು. "ಥೂ, ಬಿಡ್ತು ಅನ್ರಪ್ಪಾ! ಹೆಣ್ಣು ನೋಡೋ ಹೊತ್ತಲ್ಲಿ ಆಡೋ ಮಾತಾ ಇದು?"

ಮಾವ ಒಂದು ಚೂರೂ ಬೇಜಾರು ಮಾಡ್ಕೊಳ್ಳದೆ, ಯಾವ ಸಿನಿಮಾ, ಎಲ್ಲಿ ಬಿದ್ದಿದ್ರು, ಮೈಮೇಲೆ ಯಾವ ಅಂಗಿ ಇತ್ತು ಅಂತ ಅಜ್ಜಿಗೆ ವಿವರಿಸಿದ್ರು. ಅಜ್ಜಿ ಮುಖ ಅರಳಿತು.

"ಅಯ್ಯೋ ನನ್ನಪ್ಪಾ, ಆ ಹೊಂಗೆ ಮರದ ಕೆಳಗೆ ಬಿದ್ದಿದ್ದು ನೀನಾ? ಹೊಸಕೋಟೇಲಿ ನೋಡಿ ಸೆರಗೆಲ್ಲ ಒದ್ದೆ ಮಾಡ್ಕೊಂಡಿದ್ದೆ. ಯಾವ ತಾಯಿ ಹೆತ್ತ ಮಗನೋ ಪಾಪ ಅಂತ! ನಿಜವಾಗ್ಲೂ ಸತ್ತೋದಂಗೇ ಇದ್ದೆ ಕಣಪ್ಪಾ."

ಮಾವ ಕೈ ಮುಗಿದು, "ಎಲ್ಲಾ ನಿಮ್ಮಂಥ ಹಿರಿಯರ ಆಶೀರ್ವಾದ ತಾಯಿ" ಅಂದ್ರು.

ಅಜ್ಜಿ ನಮ್ಮಪ್ಪನ ಕಡೆ ತಿರುಗಿದಳು. "ಇನ್ನೇನು ಯೋಚನೆ ಮಾಡ್ತಿದ್ದೀಯ? ಇಷ್ಟು ಸುಮ್ಮನಿರೋ ಮಾವ ಹುಡುಕಿದ್ರೂ ಸಿಗಲ್ಲ, ಒಪ್ಕೋ!"

ಭಾನುವಾರದ ಸಿನಿಮಾ

ಟಿವೀಲಿ ಈ ಸಿನಿಮಾ ಹಾಕೋದು ಯಾವಾಗಲೂ ಭಾನುವಾರ ಸಾಯಂಕಾಲವೇ. ಹಾಕ್ತಾರೆ ಅಂತ ಗೊತ್ತಾದ್ರೆ ಊರಿಗೂರೇ ನಮ್ಮ ಪಡಸಾಲೆಗೆ ಬರುತ್ತೆ. ಜಾಗ ಸಾಲದೆ ಕಿಟಕಿ ಹೊರಗೆ ನಿಂತ್ಕೊಂಡು ನೋಡ್ತಾರೆ. ಮಾವ ಹೊಸ ಪಂಚೆ ಉಟ್ಟು, ಹೆಗಲ ಮೇಲೆ ಟವಲ್ ಹಾಕ್ಕೊಂಡು, ಮುಂದಿನ ಕುರ್ಚೀಲಿ ಕೂತ್ಕೋತಾರೆ.

ಹೆಣ ಕಾಣಿಸುತ್ತೆ. ಎಲ್ಲರೂ ಚಪ್ಪಾಳೆ ಹೊಡೀತಾರೆ. ಪೊಲೀಸ್ನೋರು ಬರ್ತಾರೆ, ಹೆಣ ಎತ್ತಿ ವ್ಯಾನಿಗೆ ಹಾಕ್ತಾರೆ. ಅಷ್ಟು ಹೊತ್ತಿಗೆ ಹಾಲು ಕರೆಯೋ ಹೊತ್ತಾಗಿರುತ್ತೆ. ಹಸು ಕೇಳುತ್ತಾ? ಒಬ್ಬೊಬ್ಬರೇ ಎದ್ದು ಹೊರಡ್ತಾರೆ, ನಾನೂ ಡೈರಿ ಬಾಗಿಲು ತೆಗೆಯೋಕೆ ಓಡ್ತೀನಿ. ಇಷ್ಟು ವರ್ಷದಲ್ಲಿ ಒಂದು ಸಲವೂ ಈ ಕ್ರಮ ತಪ್ಪಿಲ್ಲ.

ಹೋದ ಸಲ ಪಕ್ಕದ ಬೀದಿಗೆ ಹೊಸದಾಗಿ ಬಂದ ಅಳಿಯನೂ ನೋಡೋಕೆ ಕೂತಿದ್ದ. ಎಲ್ಲ ಎದ್ದಾಗ ಅವನಿಗೆ ಗಾಬರಿ ಆಯ್ತು. "ಏನ್ರೀ ಇದು, ಸಿನಿಮಾ ಈಗ ಶುರುವಾಗ್ತಿದೆ! ಕೊಲೆ ಮಾಡಿದ್ದು ಯಾರು ಅಂತ ನೋಡಲ್ವಾ?"

ಹಾಲಿನ ಕ್ಯಾನ್ ಹಿಡ್ಕೊಂಡೋರೆಲ್ಲ ಅಲ್ಲಲ್ಲೇ ನಿಂತ್ರು. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಊರಲ್ಲಿ ಯಾರಿಗೂ ಗೊತ್ತಿಲ್ಲ! ಕೊನೆಗೆ ಎಲ್ಲರೂ ಮಾವನ ಕಡೆ ತಿರುಗಿದ್ರು.

"ನನ್ನೇನ್ ನೋಡ್ತೀರ್ರೋ?" ಅಂದ್ರು ಮಾವ. "ನಾನು ಕಣ್ಣು ಮುಚ್ಕೊಂಡಿದ್ದೆ."

ಎತ್ತಿನ ಕಡೆಯೋರು

ಅದೇ ಸೀನಲ್ಲಿ ಹೆಣದ ಹಿಂದೆ ಒಂದು ಎತ್ತು ಮೆಲುಕು ಹಾಕ್ತಾ ನಿಂತಿರುತ್ತೆ. ಅದು ನಮ್ಮ ಎದುರುಮನೆ ಯಜಮಾನರ ಎತ್ತು. ಎತ್ತು ಹೋಗಿ ಎಷ್ಟೋ ಕಾಲವಾಯ್ತು, ಅವರ ಜಂಬ ಮಾತ್ರ ಹಾಗೇ ಇದೆ. ಡೈರಿಗೆ ಹಾಲು ಹಾಕೋಕೆ ಬಂದಾಗಲೆಲ್ಲ ನನ್ನ ಕೆಣಕ್ತಾರೆ.

"ಏನೇ ಹೇಳಮ್ಮ ಸೆಕ್ರೆಟರಮ್ಮ, ಆ್ಯಕ್ಟಿಂಗ್ ಅಂದ್ರೆ ನಮ್ಮೆತ್ತಿಂದು. ನಿಮ್ಮ ಮಾವ ಮಾಡಿದ್ದೇನು? ಮಲ್ಕೊಂಡ. ಅದನ್ನ ನಾನೂ ಊಟ ಆದ್ಮೇಲೆ ದಿನಾ ಮಾಡ್ತೀನಿ."

ಡೈರಿ ಕಟ್ಟೆ ಮೇಲೆ ಕೂತಿದ್ದ ಮಾವ ಬಿಡ್ತಾರಾ? "ಲೋ, ನೀನು ಮಲಗಿದ್ರೆ ಗೊರಕೆ ನಮ್ಮನೆವರೆಗೂ ಕೇಳುತ್ತೆ. ನಿನ್ನ ಹಾಕ್ಕೊಂಡಿದ್ರೆ ಇನ್‌ಸ್ಪೆಕ್ಟರ್ ಕೇಸೇ ತಗೋತಿರಲಿಲ್ಲ!"

ದಫೇದಾರರ ತಕರಾರು

ಒಂದ್ಸಲ ಕೆರೆ ಕೆಳಗಿನ ತೋಟದಲ್ಲಿ ಪಂಪ್‌ಸೆಟ್ ಮೋಟ್ರು ಕಳುವಾಯ್ತು. ವಿಚಾರಣೆಗೆ ಒಬ್ಬರು ದಫೇದಾರ್ರು ಬಂದ್ರು, ಮೀಸೆ ಇದ್ದ ಗಟ್ಟಿ ಆಳು. ಮಾವನ್ನ ನೋಡಿದೋರೇ ಗಕ್ಕನೆ ನಿಂತ್ರು. ಕಳ್ಳತನದ ವಿಷಯದಲ್ಲಿ ನಮ್ಮ ಮಾವನ್ನೇ ಅನುಮಾನಿಸ್ತಾರಾ ಅಂತ ನಾನು ಬಾಗಿಲಿಗೆ ಓಡಿಬಂದೆ.

"ಯಜಮಾನ್ರೇ, ನೀವು ಆ ಹೆಣ ಅಲ್ವಾ?" ಅಂದ್ರು ದಫೇದಾರ್ರು. ಮಾವ ಹೌದು ಅಂದಿದ್ದೇ ತಡ, ಬೂಟು ಜೋಡಿಸಿ ಸೆಲ್ಯೂಟ್ ಹೊಡೆದ್ರು! "ನಾನು ಪೊಲೀಸ್ ಸೇರಿದ್ದೇ ಆ ಸಿನಿಮಾ ನೋಡಿ ಸಾರ್." ನಮ್ಮ ಮಾವನಿಗೆ, ಖಾಕಿ ಹಾಕಿದ ಮನುಷ್ಯ, ಸಾರ್ ಅಂದಿದ್ದು! ನಾನು ಒಳಗೆ ಹೋಗಿ ಗಟ್ಟಿ ಹಾಲಲ್ಲಿ ಕಾಫಿ ಮಾಡ್ಕೊಂಡು ಬಂದೆ.

ಕಾಫಿ ಕುಡೀತಾ ದಫೇದಾರ್ರು ದನಿ ತಗ್ಗಿಸಿದ್ರು. "ಆದ್ರೆ ಸಾರ್, ಅದರಲ್ಲಿ ಒಂದು ದೊಡ್ಡ ತಪ್ಪಿದೆ. ಮಹಜರು ಮಾಡೋಕೆ ಮುಂಚೆನೇ ಇನ್‌ಸ್ಪೆಕ್ಟರ್ ನಿಮ್ಮ ಜೇಬಿಗೆ ಕೈ ಹಾಕ್ತಾನೆ. ಸಾಕ್ಷಿಗೆ ಪಂಚರೇ ಇಲ್ಲ. ಕೋರ್ಟಲ್ಲಿ ನಿಲ್ಲಲ್ಲ ಈ ಕೇಸು."

ಮಾವನೂ ಅಷ್ಟೇ ಗಂಭೀರವಾಗಿ ಅಂದ್ರು, "ನನಗೂ ಆಗಲೇ ಅನ್ನಿಸ್ತು ಸಾರ್. ಆದ್ರೆ ಆ ಪರಿಸ್ಥಿತೀಲಿ ನಾನು ಬಾಯಿ ಬಿಡೋ ಹಾಗಿರಲಿಲ್ಲ."

ಫೋನಲ್ಲಿ ಬಂದ ಕಾಮೆಂಟು

ಇಲ್ಲಿವರೆಗೂ ಎಲ್ಲ ಸರಿಯಿತ್ತು. ಮೊನ್ನೆ ಬೇಸಿಗೇಲಿ ಎದುರುಮನೆ ಯಜಮಾನರು ಫೋನ್ ಹಿಡ್ಕೊಂಡು ಡೈರಿಗೆ ಬಂದ್ರು. ಯಾರೋ ಪುಣ್ಯಾತ್ಮರು ಪೂರ್ತಿ ಸಿನಿಮಾನ ಇಂಟರ್ನೆಟ್ಟಿಗೆ ಹಾಕಿದ್ರು. ಕೆಳಗೆ ನೋಡಿದೋರ ಅಭಿಪ್ರಾಯಗಳ ಸಾಲೋ ಸಾಲು. 'ಈಗಿನೋರು ಇಂಥ ಪೊಲೀಸ್ ಸಿನಿಮಾ ತೆಗೀಲಿ ನೋಡೋಣ.' 'ನಮ್ಮಪ್ಪ ಕೆಲಸಕ್ಕೆ ಚಕ್ಕರ್ ಹಾಕಿ ನೋಡಿದ್ರು.' ಓದ್ತಾ ಓದ್ತಾ ನಂಗೆ ಖುಷಿಯೋ ಖುಷಿ. ಆಮೇಲೆ ಒಂದು ಕಾಣಿಸ್ತು: 'ಹೆಣದ ಹೊಟ್ಟೆ ನೋಡ್ರಪ್ಪೋ, ಉಸಿರಾಡ್ತಿದೆ!' ಅದಕ್ಕೆ ಜನ ಲೈಕ್ ಒತ್ತಿದ್ದೇ ಒತ್ತಿದ್ದು.

ಎದುರುಮನೆಯೋರು ಊರಿಗೆಲ್ಲ ತೋರಿಸ್ಕೊಂಡು ಬಂದ್ರು. ಸಣ್ಣ ಫೋನು, ಮಸುಕು ಚಿತ್ರ, ಆದ್ರೂ ಅಂಗಿ ಏನೋ ಅಲ್ಲಾಡಿದಂಗೆ ಕಾಣುತ್ತೆ, ಸುಳ್ಳಲ್ಲ. ಮಾವ ಡೈರಿ ಕಟ್ಟೆಗೆ ಬರೋದೇ ಬಿಟ್ರು. ಟವಲ್ ಮುಖದ ಮೇಲೆ ಹಾಕ್ಕೊಂಡು ಮಂಚದ ಮೇಲೆ ಬಿದ್ದಿರೋರು. "ನಾನು ಬಿಟ್ಟಿಲ್ಲ ಕಣಮ್ಮ, ಉಸಿರು ಬಿಟ್ಟಿಲ್ಲ" ಅಂತ ಅದೊಂದೇ ಮಾತು. ನನಗೆ ನೋಡೋಕಾಗಲಿಲ್ಲ. ನಾನೇ ಫೋನಲ್ಲಿ ಬರೆದೆ: 'ಬಾಯಿಗೆ ಬಂದಂಗೆ ಬರೀಬೇಡಿ. ಅವರು ನಮ್ಮ ಮಾವ. ಉಸಿರಾಡಿಲ್ಲ.'

ಸ್ವಲ್ಪ ಹೊತ್ತಿಗೆ ಉತ್ತರ ಬಂತು. 'ಸಾರಿ ಅಕ್ಕಾ, ಗೊತ್ತಿರಲಿಲ್ಲ. ಅವರ ಆತ್ಮಕ್ಕೆ ಶಾಂತಿ ಸಿಗಲಿ.' ಅದರ ಕೆಳಗೆ ಇನ್ನೊಬ್ಬ 'ಓಂ ಶಾಂತಿ.' ಮತ್ತೊಬ್ಬ ಕೈ ಮುಗಿಯೋ ಚಿತ್ರ. ನೋಡ್ತಾ ನೋಡ್ತಾ ಊರು ಕೇರಿ ಗೊತ್ತಿಲ್ಲದೋರೆಲ್ಲ ನಮ್ಮ ಮಾವನಿಗೆ ಶ್ರದ್ಧಾಂಜಲಿ ಶುರು ಹಚ್ಕೊಂಡ್ರು! ನಾನು ಗಾಬರಿಯಾಗಿ, 'ನಿಲ್ಲಿಸ್ರೀ, ನಮ್ಮ ಮಾವ ಬದುಕಿದ್ದಾರೆ!' ಅಂತ ಬರೆದೆ.

ಮೊದಲನೇ ಆಸಾಮಿ ತಕ್ಷಣ ಬರೆದ: 'ನಾನೂ ಅದೇ ಅಲ್ವಾ ಅಕ್ಕಾ ಹೇಳ್ತಿರೋದು?'

ದೊಡ್ಡ ತೆರೆ ಮೇಲೆ

ಈಗ ಹಳೇ ಸಿನಿಮಾಗಳನ್ನ ಚೊಕ್ಕ ಮಾಡಿ ಮತ್ತೆ ಥಿಯೇಟರಿಗೆ ಬಿಡ್ತಾರಲ್ಲ, ಇದೂ ದೊಡ್ಡಬಳ್ಳಾಪುರಕ್ಕೆ ಬಂತು. ಸತ್ಯ ಏನು ಅಂತ ದೊಡ್ಡ ತೆರೆ ಮೇಲೆ ಗೊತ್ತಾಗಲಿ ಅಂತ ಊರೋರು ತೀರ್ಮಾನ ಮಾಡಿದ್ರು. ಬೆಳಗಿನ ಹಾಲು ಮುಗಿಸಿ, ಟೆಂಪೋ ತುಂಬಾ ಜನ, ಮಾರ್ನಿಂಗ್ ಶೋಗೆ ಹೊರಟ್ವಿ. ಮಾವ ಬರಲ್ಲ ಅಂದ್ರು. ಅತ್ತೆ ಗದರಿದ್ರು, "ಬಿಟ್ಟಿಲ್ಲ ಅಂದ್ಮೇಲೆ ಯಾಕೆ ಹೆದರ್ತೀರ? ಏಳ್ರೀ ಮೇಲೆ!" ಅತ್ತೆ ಈ ಸಿನಿಮಾನ ಒಂದು ಸಲವೂ ನೋಡಿದೋರಲ್ಲ. ಗಂಡ ಸತ್ತಿರೋದನ್ನ ಯಾವ ಮುತ್ತೈದೆ ನೋಡ್ತಾಳೆ ಅನ್ನೋರು. ಅವತ್ತು ಮಾತ್ರ ಮಾವನ ಕೈ ಹಿಡ್ಕೊಂಡು ಪಕ್ಕದಲ್ಲೇ ಕೂತ್ರು.

ಹೆಣ ತೆರೆ ಮೇಲೆ ಬಂತು. ಮಾವನ ಮುಖ ಅಷ್ಟು ದೊಡ್ಡದಾಗಿ, ಅಷ್ಟು ನಿಚ್ಚಳವಾಗಿ ನಾನು ಯಾವತ್ತೂ ನೋಡಿರಲಿಲ್ಲ. ಹೀರೋ ಜೀಪಿಂದ ಇಳಿದ, ಒಬ್ಬರೂ ಅವನ ಕಡೆ ನೋಡಲಿಲ್ಲ. ನಮ್ಮ ಕಣ್ಣೆಲ್ಲ ಹೊಟ್ಟೆ ಮೇಲೆ.

ಅಂಗಿ ಅಲ್ಲಾಡ್ತು.

"ನೋಡಿದ್ರಾ!" ಅಂತ ಎದುರುಮನೆಯೋರು ಎದ್ದು ನಿಂತೇಬಿಟ್ರು. ಮಾವ ತಲೆ ತಗ್ಗಿಸಿದ್ರು. ಅಂಗಿ ಮತ್ತೆ ಅಲ್ಲಾಡ್ತು. ಗುಂಡಿ ಮಧ್ಯದಿಂದ ಏನೋ ಮಿರಮಿರ ಮಿಂಚ್ತು. ಮೊದಲು ತಲೆ, ಆಮೇಲೆ ಕಾಲು, ಆಮೇಲೆ ಉದ್ದಕ್ಕೆ ಬಾಲ. ಹಾವುರಾಣಿ! ಹಾವಿನ ತಲೆ, ಹಲ್ಲಿ ಕಾಲು ಇರೋ ಆ ಪ್ರಾಣಿ ಅಂಗಿಯಿಂದ ಆಚೆ ಬಂದು, ಮಾವನ ಎದೆ ಮೇಲೆ ಹತ್ತಿ, ಕುತ್ತಿಗೆ ಸವರಿಕೊಂಡು ಹುಲ್ಲೊಳಗೆ ಇಳೀತು. ಟಿವೀಲಿ, ಫೋನಲ್ಲಿ, ಆ ಕಾಲದ ಮಸುಕು ಪ್ರಿಂಟಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾವನ ರೆಪ್ಪೆ ಅಲ್ಲಾಡಿಲ್ಲ. ಮೂಗಿನ ಹೊಳ್ಳೆ ಅಲ್ಲಾಡಿಲ್ಲ. ಹೊಟ್ಟೆ ಕಲ್ಲು ಬಂಡೆ!

ಥಿಯೇಟರ್ ಕಿತ್ತುಹೋಗೋ ಹಂಗೆ ಶಿಳ್ಳೆ. ಮೊದಲು ಶಿಳ್ಳೆ ಹೊಡೆದಿದ್ದು ಎದುರುಮನೆ ಯಜಮಾನರೇ. ಟವಲ್ ಬೀಸ್ತಾ, "ಗಂಡು ಕಣೋ ನೀನು! ನಾನಾಗಿದ್ರೆ ತುಮಕೂರಿನವರೆಗೂ ಓಡ್ತಿದ್ದೆ!" ಅಂತ ಕೂಗಿದ್ರು. ನಾನು ಅಳ್ತಿದ್ದೀನೋ ನಗ್ತಿದ್ದೀನೋ ನನಗೇ ಗೊತ್ತಾಗಲಿಲ್ಲ. ಪಕ್ಕದ ಸೀಟಿನ ಗುರುತಿಲ್ಲದ ಹೆಂಗಸಿನ ಭುಜ ಅಲ್ಲಾಡಿಸಿ, "ಅವರು ನಮ್ಮ ಮಾವ ಕಣ್ರೀ, ನಮ್ಮ ಮಾವ!" ಅಂತ ಹೇಳ್ತಿದ್ದೆ.

"ಎಲ್ರೀ ಅವರು?" ಅಂದಳು ಆಕೆ.

ತೋರಿಸೋಣ ಅಂತ ತಿರುಗಿದೆ. ಮಾವ ಸೀಟಲ್ಲಿ ಇರಲಿಲ್ಲ. ಸೀಟಿನ ಮೇಲೆ ಹತ್ತಿ ನಿಂತಿದ್ರು! ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡ್ಕೊಂಡು, ಇನ್ನೊಂದರಲ್ಲಿ ಅಂಗಿ ಕೊಡವ್ತಾ, ಕುಣೀತಾ, "ಅಯ್ಯಯ್ಯಪ್ಪೋ! ಹಾವುರಾಣಿ ಕಣ್ರೋ! ನಾನು ಬೆವರು ಇಳೀತಿದೆ ಅಂದ್ಕೊಂಡಿದ್ನಲ್ರೋ!" ಅಂತ ಅರಚ್ತಿದ್ರು. ಮುಂದಿನೋರು, ಹಿಂದಿನೋರು ಎಲ್ಲ ಸಿನಿಮಾ ಬಿಟ್ಟು ಇವರನ್ನೇ ನೋಡ್ತಿದ್ರು.

ಅತ್ತೆ ಒಬ್ಬರೇ ತೆರೆ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಮಾವನ ಪಂಚೆ ಹಿಡಿದು ಜಗ್ಗಿ ಕೂರಿಸಿದ್ರು.

"ಕೂತ್ಕೊಳ್ರೀ ಸುಮ್ನೆ! ಪೊಲೀಸ್ನೋರು ಇನ್ನೂ ಅಲ್ಲೇ ಇದ್ದಾರೆ. ಇಷ್ಟು ಚೆನ್ನಾಗಿ ಸತ್ತು ಈಗ ಮರ್ಯಾದೆ ಕಳೀಬೇಡಿ!"