ಸಿಡಿಲರಾಣಿಯವರ ಮನೆ ಖಾತೆ

ಏನಾಯಿತು ಅಂತ ನೀವೇ ಒಂದು ಸಲ ಊಹಿಸಿ ನೋಡೋಣ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಶೀಟಿನ ಮನೆಯಿದೆ. ಎರಡು ಕೋಣೆ, ಮುಂದೊಂದು ನುಗ್ಗೆ ಮರ. ದಾಖಲೆಯ ಪ್ರಕಾರ ಅದು ಮನೆಯಲ್ಲ, ಏಳನೆಯ ಕೋಟೆ. ಅದರ ಒಡತಿಯ ಹೆಸರು ಸಿಡಿಲರಾಣಿ. ಚಕ್ಕುಬಂದಿ ನೋಡಿದರೆ ಪೂರ್ವಕ್ಕೆ ಕಂದಕ, ಪಶ್ಚಿಮಕ್ಕೆ ಕಾವಲು ಬುರುಜು. ಕಂದಕ ಎಂದರೆ ಮುಚ್ಚಳವಿಲ್ಲದ ಚರಂಡಿ, ಬುರುಜು ಎಂದರೆ ಪಕ್ಕದ ಮನೆಯವರ ನೀರಿನ ಟ್ಯಾಂಕು. ಇದು ಹೇಗಾಯಿತು, ಹೇಳಿ?

ಹೊಳೆಯಲಿಲ್ಲ ತಾನೆ? ಹೊಳೆಯುವುದಿಲ್ಲ ಬಿಡಿ. ಕಣ್ಣಾರೆ ನೋಡದೇ ಇದ್ದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ.

ನಿವೃತ್ತಿಯಾದವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಸಾಬೀತು ಮಾಡಬೇಕು ಎಂಬ ನಿಯಮವಿದೆ, ಒಳ್ಳೆಯ ನಿಯಮ. ಅದಕ್ಕೆ ಹೆಬ್ಬೆಟ್ಟು ಒತ್ತಲು ಬಸ್ ನಿಲ್ದಾಣದ ಹತ್ತಿರ ಅರ್ಫಾಳ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ನನ್ನ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿವೆಯಂತೆ. ನಾನು ಬದುಕಿದ್ದೇನೆಂದು ಯಂತ್ರ ಒಪ್ಪಲೇ ಇಲ್ಲ. ‘ನಾಳೆ ಬನ್ನಿ ಅಂಕಲ್, ಕೈ ಚೆನ್ನಾಗಿ ತೊಳ್ಕೊಂಡು ಬನ್ನಿ’ ಎನ್ನುತ್ತಿದ್ದಳು ಅರ್ಫಾ. ಹೀಗಾಗಿ ಆ ಚಳಿಗಾಲವಿಡೀ ನಾನು ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬದುಕಿಯೂ ಬದುಕಿರದ ಸ್ಥಿತಿಯಲ್ಲಿ, ಬಹಳ ಸಂತೋಷವಾಗಿ ಕಾಲ ಕಳೆದೆ.

ಅಂಗಡಿಯ ಬೋರ್ಡಿನ ಮೇಲೆ ‘ಇಲ್ಲಿ ಎಲ್ಲಾ ಬಗೆಯ ಖಾತೆ ಮಾಡಿಕೊಡಲಾಗುವುದು’ ಎಂದು ಬರೆದಿತ್ತು. ಆ ಬೋರ್ಡು ನೋಡಿಕೊಂಡೇ ಗಂಗುಲಮ್ಮ ಒಳಗೆ ಬಂದದ್ದು.

ಗಂಗುಲಮ್ಮ ರೇಷ್ಮೆ ನೂಲು ಬಿಚ್ಚಿ ಬಿಚ್ಚಿ ಬೆರಳು ಬೆಳ್ಳಗಾದ ಹೆಂಗಸು. ಗಂಡ ಬಯ್ಯಪ್ಪ ತೀರಿಕೊಂಡಿದ್ದರು. ಮನೆ ಇನ್ನೂ ಅವರ ಹೆಸರಿನಲ್ಲೇ ಇತ್ತು. ಬಯ್ಯಪ್ಪನವರ ತಮ್ಮ ಕೋನಪ್ಪ ಚಿಂತಾಮಣಿಯವರು, ಟೊಮೇಟೊ ಮಂಡಿಯಲ್ಲಿ ದಲ್ಲಾಳಿ. ಅಣ್ಣನ ಮನೆಯಲ್ಲಿ ಖಾಲಿ ಕ್ರೇಟು ಪೇರಿಸಿಡಬಹುದೆಂದು ಅವರಿಗೆ ಅನಿಸಿ, ಖಾತೆ ತನ್ನ ಹೆಸರಿಗೆ ಬರಲಿ ಎಂದು ಅರ್ಜಿ ಹಾಕಿಬಿಟ್ಟಿದ್ದರು. ಮನೆಖಾತೆ ಸೌಕರ್ಯ ಉಪಕಚೇರಿ ಎಂಬ ಕಚೇರಿಯೊಂದು ಇತ್ತು. ಅಲ್ಲಿಂದ ಗಂಗುಲಮ್ಮನಿಗೆ ತಿಳಿವಳಿಕೆ ಪತ್ರ ಬಂದಿತ್ತು: ಫೆಬ್ರವರಿ ಮುಗಿಯುವುದರೊಳಗೆ ಖಾತೆ ನಿಮ್ಮ ಹೆಸರಿಗೆ ಆಗದಿದ್ದಲ್ಲಿ ಮನೆ ಕೋನಪ್ಪನವರಿಗೆ ಹೋಗತಕ್ಕದ್ದು, ನೀವು ಎಲ್ಲಿಗೆ ಬೇಕಾದರೂ ಹೋಗತಕ್ಕದ್ದು.

ಆ ಕಚೇರಿಯ ಗುಮಾಸ್ತ ಮಧುಸೂದನ್ ಗಂಗುಲಮ್ಮನಿಂದ ಕೇಳಿದ್ದು ಒಂದೇ ಒಂದು ದಾಖಲೆ. ಮನೆಯ ನಾಲ್ಕೂ ಗೋಡೆ ಒಟ್ಟಿಗೆ ಕಾಣುವ ಒಂದು ಫೋಟೋ.

‘ಮುಂದ್ಲಿಂದ ತೆಗೆದ್ರೆ ಒಂದೇ ಗೋಡೆ ಕಾಣ್ತದೆ ಸಾಮಿ. ಮೂಲೇಲಿ ನಿಂತ್ಕಂಡ್ರೆ ಎರಡು. ನಾಲ್ಕು ಹೆಂಗ್ ಬರ್ತದೆ?’

‘ನೋಡ್ರೀಮ್ಮ, ನಾನ್ ಹೇಳೋದೇನಂದ್ರೆ,’ ಎಂದು ಮಧುಸೂದನ್ ಗಂಟಲು ಸರಿಮಾಡಿಕೊಂಡು ಹೇಳಿದ್ದರಂತೆ, ‘ಗೋಡೆ ನಿಮ್ಮದು, ಫೋಟೋ ನಿಮ್ಮದು. ನಿಯಮ ಮಾತ್ರ ನಮ್ಮದು. ನಾಳೆ ಬನ್ನಿ.’

ಮಾರನೆಯ ದಿನ ಗಂಗುಲಮ್ಮ ಹೋದರು. ಮಧುಸೂದನ್ ಸೀಟಿನಲ್ಲಿರಲಿಲ್ಲ. ಅದರ ಮಾರನೆಯ ದಿನ ಸೀಟಿನಲ್ಲಿದ್ದರು, ಆದರೆ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಮುಳುಗಿದ್ದರು. ಹೀಗೆ ಬಾಗಿಲಲ್ಲಿ ನಿಂತು ನಿಂತು ಸಾಕಾಗಿ ಗಂಗುಲಮ್ಮ ಅರ್ಫಾಳ ಅಂಗಡಿಗೆ ಬಂದರು.

‘ನನ್ನ ಹೆಸ್ರಿಗೊಂದು ಖಾತೆ ಮಾಡ್ಕೊಡಮ್ಮ.’

‘ಯಾವುದಕ್ಕೆ ಅಮ್ಮ?’

‘ಮನೆಗೆ ಕಣಮ್ಮ. ಖಾತೆ ಇದ್ರೇನೆ ಮನೆ ಅಂತಾರಲ್ಲ.’

ಇಲ್ಲೇ ನೋಡಿ ಆದದ್ದು. ಆ ವಾರ ‘ಏಳುಕೋಟೆ’ ಎಂಬ ಆಟದಲ್ಲಿ ಹೊಸದಾಗಿ ಖಾತೆ ತೆರೆದವರಿಗೆಲ್ಲ ಒಂದೊಂದು ಮನೆ ಉಚಿತ ಎಂದು ಘೋಷಣೆಯಾಗಿತ್ತು. ಗೌರಿಬಿದನೂರು, ಪೆರೇಸಂದ್ರ, ಚಿಂತಾಮಣಿ ಕಡೆಯವರೆಲ್ಲ ಅವರವರ ಊರಿನಲ್ಲಿದ್ದುಕೊಂಡೇ ಒಂದೇ ಕೋಟೆಯಲ್ಲಿ ಸೇರುವ ಆಟ ಅದು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಒಬ್ಬ ಬಿಲ್ಲುಗಾರ, ಒಬ್ಬ ಮಾಂತ್ರಿಕ, ಒಬ್ಬಳು ಸೇನಾಪತಿ. ಬೆಳಗಿನಿಂದ ಅರ್ಫಾ ಅಂಥದೇ ಖಾತೆಗಳನ್ನು ಮಾಡಿಕೊಟ್ಟು ಕೈ ನೋಯಿಸಿಕೊಂಡಿದ್ದಳು. ಇದೂ ಅದೇ ಅಂದುಕೊಂಡಳು.

‘ಹೆಸರು?’

‘ಗಂಗುಲಮ್ಮ.’

‘ಆ ಹೆಸರು ಆಗಲೇ ಯಾರೋ ತಗೊಂಡ್ಬಿಟ್ಟಿದ್ದಾರೆ ಅಮ್ಮ.’

ಗಂಗುಲಮ್ಮ ಎದೆ ಹಿಡಿದುಕೊಂಡರು. ‘ಅಯ್ಯೋ ದೇವುಡಾ! ಕೋನಪ್ಪ! ಮನೆ ಸಾಲದು ಅಂತ ನನ್ನ ಹೆಸ್ರೂ ಹೊಡ್ಕಂಡ್ನಾ!’

‘ಪರವಾಗಿಲ್ಲ ಅಮ್ಮ, ಬೇರೆ ಹೆಸರು ಇಡಣ. ಸಿಡಿಲರಾಣಿ ಅಂತ ಖಾಲಿ ಇದೆ.’

‘ಏನಾದ್ರೂ ಇಡಮ್ಮ, ಮನೆ ಉಳಿದ್ರೆ ಸಾಕು.’

‘ಪಾತ್ರ ಯಾವುದು ಬೇಕು?’

‘ಪಾತ್ರೆ ಮನೇಲಿ ಬೇಕಾದಷ್ಟೈತೆ. ಮದುವೇಲಿ ಕೊಟ್ಟಿದ್ದೇ ಇನ್ನೂ ಅಟ್ಟದ ಮೇಲೈತೆ.’

ಅರ್ಫಾ ಅವರಿಗೆ ಏಳನೆಯ ಕೋಟೆಯ ಬಾಗಿಲು ಕಾಯುವ ಪಾತ್ರ ಕೊಟ್ಟಳು. ಯಾರೂ ಮುಟ್ಟದ ಪಾತ್ರ ಅದು. ಕೆಲಸ ಏನೂ ಇಲ್ಲ, ನಿಂತಿರಬೇಕು, ಅಷ್ಟೆ. ನಿಂತಷ್ಟೂ ಮಟ್ಟ ಏರುತ್ತದೆ. ಹದಿಹರೆಯದವರು ಒಂದು ಗಳಿಗೆ ನಿಂತು ಬೇಸತ್ತು ಬಿಟ್ಟು ಹೋಗುತ್ತಿದ್ದರಂತೆ. ಗಂಗುಲಮ್ಮನಿಗೆ ಉಪಕಚೇರಿಯ ಬಾಗಿಲಲ್ಲಿ ಸಿಕ್ಕ ತರಬೇತಿ ಇತ್ತು. ನಿಂತರು ನೋಡಿ! ಸಂಜೆಯ ಹೊತ್ತಿಗೆ ಕಂಪ್ಯೂಟರಿನೊಳಗೆ ನಗಾರಿ ಹೊಡೆದು, ಹೂವು ಸುರಿದು, ‘ಸಿಡಿಲರಾಣಿಯವರಿಗೆ ಬಡ್ತಿ’ ಎಂದು ಬಂತು. ನಿಂತದ್ದಕ್ಕೆ ಬಡ್ತಿ ಕೊಡುವ ಜಾಗವನ್ನು ಅವರು ಅವತ್ತೇ ಮೊದಲು ಕಂಡದ್ದು.

ಇದು ಆ ಖಾತೆಯಲ್ಲ ಎಂದು ಗೊತ್ತಾದಾಗ ಅರ್ಫಾ ಕಣ್ಣಲ್ಲಿ ನೀರು ಹಾಕಿಕೊಂಡಳು. ‘ತಪ್ಪಾಯ್ತಮ್ಮ, ಇದು ಆಟ. ನಿಮ್ಮ ಮನೆಗೂ ಇದಕ್ಕೂ ಸಂಬಂಧ ಇಲ್ಲ.’

‘ಇರ್ಲಿ ಬಿಡು,’ ಎಂದರು ಗಂಗುಲಮ್ಮ. ‘ನಾಳೆ ಎಷ್ಟೊತ್ತಿಗೆ ಬಾಗ್ಲು ತೆಗೀತೀಯ?’

ಅವರು ದಿನಾ ಬಂದರು. ಬೆಳಿಗ್ಗೆ ಉಪಕಚೇರಿಯ ಬಾಗಿಲಲ್ಲಿ ನಿಲ್ಲುವುದು, ಮಧ್ಯಾಹ್ನದ ಮೇಲೆ ಕೋಟೆಯ ಬಾಗಿಲಲ್ಲಿ ನಿಲ್ಲುವುದು. ಕಿವಿಗೆ ಹೆಡ್‌ಫೋನು ಹಾಕಿಕೊಂಡರೆ ಸಾಕು, ಗೌರಿಬಿದನೂರಿನ ಬಿಲ್ಲುಗಾರ ತಾಜ್ ಪಾಷಾ ‘ಸಲಾಂ ರಾಣಿಯಮ್ಮ, ಊಟ ಆಯ್ತಾ?’ ಎಂದು ಕೇಳುತ್ತಿದ್ದ. ಒಂದು ದಿನ ಜ್ವರ ಬಂದು ಇವರು ಹೋಗದಿದ್ದಾಗ ಹತ್ತಾರು ಜನ ಕೋಟೆಯ ಮುಂದೆ ದೀಪ ಹಚ್ಚಿಕೊಂಡು ಕಾದಿದ್ದರಂತೆ. ಉಪಕಚೇರಿಯಲ್ಲಿ ಇವರು ಬಂದರೂ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ.

ಈ ಆಟದಲ್ಲಿ ಜನ ಯಾಕೆ ಹೀಗೆ ಬಿದ್ದು ಸಾಯುತ್ತಾರೆ ಎಂದು ನಾನೇ ಒಂದು ದಿನ ಕೇಳಿದೆ.

‘ಅಲ್ಲಿ ಮೂರು ಬೀಗದ ಕೈ ತಗೊಂಬಾ ಅಂತಾರೆ. ತಂದುಕೊಟ್ರೆ ತಗೋತಾರೆ. ನಾಲ್ಕನೇದು ಕೇಳಲ್ಲ,’ ಎಂದರು ಗಂಗುಲಮ್ಮ. ಆಮೇಲೆ ಸ್ವಲ್ಪ ನಾಚಿಕೊಂಡು, ‘ಅಲ್ದೆ ಅಲ್ಲಿ ನಾನು ಬಾಗ್ಲಿನ ಒಳಗಡೆ ಸಾಮಿ. ಮಿಕ್ಕಿದವ್ರು ಹೊರಗಡೆ.’

ಕಾಲೇಜಿನಲ್ಲಿ ನಾಲ್ಕು ಅಕ್ಷರ ಕಲಿತವನು ನಾನು. ಇದಕ್ಕಿಂತ ಚೆನ್ನಾಗಿ ಹೇಳುವ ಸಾಮರ್ಥ್ಯ ನನಗಿಲ್ಲ.

ಫೆಬ್ರವರಿ ಮುಗಿಯುತ್ತಾ ಬಂತು. ಕೋನಪ್ಪ ಒಂದು ಲಾರಿ ಕ್ರೇಟು ತಂದು ನುಗ್ಗೆ ಮರದ ಕೆಳಗೆ ಇಳಿಸಿಯೇ ಬಿಟ್ಟರು. ‘ಒದಿನಾ, ಪಾತ್ರೆ ಪಗಡ ಕಟ್ಕೋ. ದಿನ ಮುಗೀತಾ ಬಂತು,’ ಎಂದು ಅತ್ತಿಗೆಗೆ ನಗುನಗುತ್ತಾ ಹೇಳಿ ಹೋದರು. ಅವತ್ತು ಗಂಗುಲಮ್ಮ ಅಂಗಡಿಗೆ ಬಂದಾಗ ಮುಖ ಬಾಡಿತ್ತು. ಆದರೂ ಹೆಡ್‌ಫೋನು ಹಾಕಿಕೊಂಡರು.

ಕೋಟೆಯ ಮುಂದೆ ಹೊಸ ದಂಡೊಂದು ಬಂದು ನಿಂತಿತ್ತು. ಮಹಾಮಾಂತ್ರಿಕ ಘೋರನಾಥ, ಜೊತೆಗೆ ಸೇನಾಪತಿ ವಜ್ರದೇವಿ. ಅವರು ಆರು ಕೋಟೆ ಗೆದ್ದು ಬಂದಿದ್ದರು, ಎಲ್ಲವನ್ನೂ ಕಚೇರಿಯ ವೇಳೆಯಲ್ಲಿ. ಏಳನೆಯದರ ಬಾಗಿಲು ಮಾತ್ರ ಸಿಡಿಲರಾಣಿ ಒಪ್ಪದೆ ತೆರೆಯುವಂತಿಲ್ಲ. ಅಷ್ಟು ಮಟ್ಟ ಏರಿಬಿಟ್ಟಿದ್ದರು ಆಕೆ, ಬರೀ ನಿಂತು.

ಘೋರನಾಥ ಗಂಟಲು ಸರಿಮಾಡಿಕೊಂಡ. ‘ನೋಡ್ರೀ ರಾಣಿ, ನಾನ್ ಹೇಳೋದೇನಂದ್ರೆ...’

ಗಂಗುಲಮ್ಮ ನನ್ನ ಕಡೆ ತಿರುಗಿದರು. ಅವರ ಕಣ್ಣು ಅಷ್ಟು ದೊಡ್ಡದಾದದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಬಹಳ ಶಾಂತವಾಗಿ ಹೇಳಿದರು: ‘ಫೋಟೋ ತಂದೀರಾ?’

‘ಯಾವ ಫೋಟೋ?’

‘ಕೋಟೆಯ ನಾಲ್ಕೂ ಗೋಡೆ ಒಟ್ಟಿಗೆ ಕಾಣೋ ಫೋಟೋ.’

ಆ ಆಟದಲ್ಲಿ ಹದ್ದಿನ ಬೆನ್ನೇರಿ ಮೇಲೆ ಹಾರಬಹುದು. ಘೋರನಾಥ ಹಾರಿ, ಮೇಲಿನಿಂದ ಫೋಟೋ ತೆಗೆದು ತಂದುಕೊಟ್ಟ. ನಾಲ್ಕೂ ಗೋಡೆ ಚೊಕ್ಕವಾಗಿ ಬಂದಿದ್ದವು.

‘ಈಗ ಬಾಗಿಲು ತೆಗೀರಿ ರಾಣಿ.’

‘ಇನ್ನೊಂದೈತೆ. ಶಿಡ್ಲಘಟ್ಟದ ಉಪಕಚೇರೀಲಿ ಬಯ್ಯಪ್ಪನ ಮನೆ ಕಡತ ಅಂತೈತೆ. ಅದನ್ನ ಹುಡುಕಿ, ಖಾತೆ ನನ್ನ ಹೆಸ್ರಿಗೆ ಬರ್ದು, ಮೊಹರು ಹೊಡೆದು ತಗೊಂಬನ್ನಿ.’

‘ಇವತ್ತೇ ತರ್ತೀವಿ, ದೇವೀ!’ ಎಂದಳು ಸೇನಾಪತಿ ವಜ್ರದೇವಿ, ಕತ್ತಿ ಹಿರಿದು.

‘ಇವತ್ತು ಬಾಗ್ಲು ಹಾಕಾಯ್ತು,’ ಎಂದರು ಗಂಗುಲಮ್ಮ. ‘ನಾಳೆ ಬನ್ನಿ.’

ಅರ್ಫಾ ಹೆಡ್‌ಫೋನು ಕಿತ್ತುಕೊಂಡಳು. ‘ಅಮ್ಮಾ! ನಾಳೆ ಅಂದ್ರಲ್ಲ! ತಿಂಗಳು ಮುಗಿದ್ಹೋದ್ರೆ?’

ಗಂಗುಲಮ್ಮ ನಾಲಿಗೆ ಕಚ್ಚಿಕೊಂಡರು. ‘ಅಯ್ಯೋ, ಬಾಯಿಗೆ ಬಂದ್ಬಿಡ್ತು ಕಣೇ. ಬಾಗ್ಲಲ್ಲಿ ನಿಂತೋರ್ಗೆ ಇನ್ನೇನ್ ಹೇಳ್ತಾರೆ ಅಂತ ನಂಗೆ ಗೊತ್ತೇ ಇಲ್ವಲ್ಲ!’

ಮಾರನೆಯ ದಿನ ಬೆಳಿಗ್ಗೆ ನಾವು ಮೂವರೂ ಉಪಕಚೇರಿಗೆ ಹೋದೆವು. ಅಲ್ಲಿ ಕಂಡದ್ದನ್ನು ಹೇಳಿದರೆ ನಂಬುತ್ತೀರೋ ಇಲ್ಲವೋ. ಮಧುಸೂದನ್ ಹಣೆಗೆ ಟಾರ್ಚು ಕಟ್ಟಿಕೊಂಡು ದಾಖಲೆ ಕೋಣೆಯೊಳಗೆ ತೆವಳುತ್ತಿದ್ದರು. ಅವರ ಹಿಂದೆ ಉಪಾಧಿಕಾರಿ ತನುಜ ಮೇಡಂ ಉದ್ದನೆಯ ಸ್ಕೇಲನ್ನು ಕತ್ತಿಯಂತೆ ಹಿಡಿದು ‘ಎಡಗಡೆ ಜೇಡ ಇದೆ, ಹುಷಾರು ಘೋರನಾಥ!’ ಎಂದು ಕೂಗುತ್ತಿದ್ದರು. ಅವರೇ ವಜ್ರದೇವಿ. ಕರ್ತವ್ಯವೆಂದು ಯಾರೂ ಕಾಲಿಡದ ಕೋಣೆಗೆ ಆಟದ ಅಪ್ಪಣೆಯೆಂದು ಇಡೀ ಸಿಬ್ಬಂದಿ ನುಗ್ಗಿತ್ತು. ಕಡತ ನೀರಿನ ಫಿಲ್ಟರಿನ ಕೆಳಗೆ ಸಿಕ್ಕಿತು. ಫಿಲ್ಟರು ಅಲ್ಲಾಡದಿರಲಿ ಎಂದು ಇಟ್ಟಿದ್ದರಂತೆ. ಅದಕ್ಕೆ ನಾಲ್ಕೂ ಗೋಡೆ ಕಾಣುವ ಆ ಫೋಟೋ ಲಗತ್ತಾಯಿತು. ಅಪ್ಪಣೆ ಕೊಟ್ಟವರು ಸಿಡಿಲರಾಣಿ, ಆದ್ದರಿಂದ ಖಾತೆ ಸಿಡಿಲರಾಣಿಯ ಹೆಸರಿಗೆ. ಫೋಟೋದಲ್ಲಿದ್ದುದು ಕೋಟೆ, ಆದ್ದರಿಂದ ಮನೆ ಕೋಟೆ. ಮೇಡಂ ಸಹಿ ಹಾಕಿದರು, ಮೊಹರು ಬಿತ್ತು. ಎಲ್ಲರೂ ಒಂದು ಕ್ಷಣ ನಗಾರಿಗಾಗಿ ಕಾದರು. ನಗಾರಿ ಬರಲಿಲ್ಲವಾಗಿ ಜವಾನನೇ ಮೇಜು ಬಡಿದ.

ಅಷ್ಟರಲ್ಲಿ ಕೋನಪ್ಪ ಹೊಸ ಬೀಗ ಹಿಡಿದುಕೊಂಡು ಒಳಗೆ ಬಂದರು. ‘ತಿಂಗಳು ನೆನ್ನೇಗೇ ಮುಗೀತಲ್ಲ ಸಾರ್, ಖಾತೆ ನನ್ನ ಹೆಸರಿಗೆ ಬರೀರಿ.’

ಮಧುಸೂದನ್ ಗೋಡೆಯ ಕ್ಯಾಲೆಂಡರು ತೋರಿಸಿದರು. ಕೋನಪ್ಪ ನೋಡಿದರು, ಬೆರಳು ಮಡಿಸಿ ಎಣಿಸಿದರು, ಇನ್ನೊಮ್ಮೆ ನೋಡಿದರು.

‘ಆದ್ರೂ ಅದು ಕೋಟೆ ಅಲ್ಲ ಸಾರ್! ಶೀಟಿನ ಮನೆ!’

‘ದಾಖಲೆಯಲ್ಲಿ ಕೋಟೆ ಇದೆಯಲ್ರೀ,’ ಎಂದರು ತನುಜ ಮೇಡಂ. ‘ಕೋಟೆ ಬೇಕಂದ್ರೆ ಮುತ್ತಿಗೆ ಹಾಕ್ಬೇಕು. ಮುತ್ತಿಗೆಗೆ ಅರ್ಜಿ ಬೇರೆ. ಸೈನ್ಯದ ವಿವರ ಎರಡು ಪ್ರತೀಲಿ ಕೊಡಿ.’

ಮುಂದಿನ ವಾರ ಸೂಚನಾ ಫಲಕದಲ್ಲಿ ಸುತ್ತೋಲೆ ಬಿತ್ತು:

‘ಸಾರ್ವಜನಿಕರ ಗಮನಕ್ಕೆ. ಸಿಬ್ಬಂದಿಯು ಕಚೇರಿ ವೇಳೆಯಲ್ಲಿ ಏಳುಕೋಟೆಯಲ್ಲಿ ಲಭ್ಯವಿರುವುದರಿಂದ, ಅರ್ಜಿದಾರರು ತಮ್ಮ ತಮ್ಮ ಪಾತ್ರದೊಂದಿಗೆ ಅಲ್ಲಿಯೇ ಹಾಜರಾಗತಕ್ಕದ್ದು. ಐದನೇ ಮಟ್ಟಕ್ಕಿಂತ ಕೆಳಗಿನ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ. ಕುದುರೆಗಳನ್ನು ಕಂದಕದ ಬಳಿಯೇ ಕಟ್ಟತಕ್ಕದ್ದು. ಹಿರಿಯ ನಾಗರಿಕರಿಗೆ ಹದ್ದು ಉಚಿತ.’

ಜನ ಗೊಣಗಲಿಲ್ಲ. ಕಚೇರಿಯ ಮುಂದೆ ಅರ್ಜಿ ಬರೆದುಕೊಡುತ್ತಿದ್ದವರು ಈಗ ಸಿದ್ಧ ಮಾಂತ್ರಿಕರನ್ನು ಮಾರುತ್ತಾರೆ. ಗೌರಿಬಿದನೂರಿನ ತಾಜ್ ಪಾಷಾನ ಅಂಗಡಿ ಪರವಾನಗಿ ಒಂದು ರಾಕ್ಷಸನನ್ನು ಹೊಡೆದ ಮೇಲೆ ಮಂಜೂರಾಯಿತು. ಮೊದಲಿಗಿಂತ ಬೇಗ ಆಯಿತೆಂದು ಅವನಿಗೆ ಸಂತೋಷ. ನನ್ನ ಹೆಬ್ಬೆಟ್ಟನ್ನು ಯಂತ್ರ ಈಗಲೂ ಒಪ್ಪಿಲ್ಲ, ಆದರೆ ಆಟದಲ್ಲಿ ನನಗೆ ಮೂರು ಜೀವ ಉಳಿದಿವೆ ಎಂದು ತೋರಿಸಿದ್ದಕ್ಕೆ ಪಿಂಚಣಿ ಬರುತ್ತಿದೆ. ಗಂಗುಲಮ್ಮನನ್ನು ಬೀದಿಯಲ್ಲಿ ಎಲ್ಲರೂ ರಾಣಿಯಮ್ಮ ಎನ್ನುತ್ತಾರೆ, ಹಾಲಿನವನೂ ಸಹ.

ಕೋನಪ್ಪನವರೂ ಖಾತೆ ತೆರೆದರು. ಮೊದಲನೇ ಮಟ್ಟದ ಕಾಲಾಳು. ಚಿಂತಾಮಣಿಯಿಂದಲೇ ದಿನಾ ಕೋಟೆಯ ಹೊರಗೆ ನಿಂತು ‘ಒದಿನಾ, ಬಾಗಿಲು’ ಎನ್ನುತ್ತಾರೆ. ‘ನಾಳೆ ಬಾರಪ್ಪಾ’ ಎನ್ನುತ್ತಾರೆ ರಾಣಿ.

ಕೋನಪ್ಪನವರ ಆಸೆ ಪೂರ್ತಿ ಬತ್ತಿರಲಿಲ್ಲ. ಖಾತೆಯ ಅಡಿಯಲ್ಲಿ ಸಣ್ಣಕ್ಷರದ ಸಾಲೊಂದಿತ್ತು: ‘ಪ್ರತಿ ವರ್ಷ ಇದೇ ದಿನಾಂಕದಂದು ನವೀಕರಿಸತಕ್ಕದ್ದು. ತಪ್ಪಿದಲ್ಲಿ ಖಾತೆ ರದ್ದು.’ ರಾಣಿ ಮರೆತರೆ ಮನೆ ತನಗೇ ಎಂದುಕೊಂಡು ಮರುವರ್ಷ ಅವರು ಕ್ಯಾಲೆಂಡರಿನ ಮುಂದೆಯೇ ಕುಳಿತು ಕಾದರು. ರಾಣಿ ನವೀಕರಿಸಲಿಲ್ಲ. ಖಾತೆಯೂ ರದ್ದಾಗಲಿಲ್ಲ. ಮಧುಸೂದನ್ ಕಡತ ತಿರುವಿ, ಗಂಟಲು ಸರಿಮಾಡಿಕೊಂಡು ಹೇಳಿದರಂತೆ: ‘ನೋಡ್ರೀ ಕೋನಪ್ಪನೋರೆ, ನಾನ್ ಹೇಳೋದೇನಂದ್ರೆ, ಆ ದಿನಾಂಕ ಈ ವರ್ಷ ಕಚೇರಿಗೆ ಬಂದೇ ಇಲ್ಲ. ಬಂದಾಗ ನೋಡಣ.’

ಮೊಹರು ಬಿದ್ದದ್ದು, ಫಿಲ್ಟರು ಅಲ್ಲಾಡಿದ್ದು, ಶೀಟಿನ ಮನೆ ಕೋಟೆಯಾದದ್ದು, ಎಲ್ಲವೂ ನಡೆದ ಆ ದಿನ ಯಾವುದು ಅಂದಿರಾ? ಎರಡು ಸಾವಿರದ ಇಪ್ಪತ್ತನಾಲ್ಕನೇ ಇಸವಿ, ಫೆಬ್ರವರಿ ಇಪ್ಪತ್ತೊಂಬತ್ತು, ಗುರುವಾರ.